ಹಳೆಯ ಡೋಜರ್: ರಿಪೇರಿ ಮಾಡಿಸುವುದೋ, ಮಾರುವುದೋ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಡೋಜರ್, ಅಂದರೆ ಚೈನಿನ ಮೇಲೆ ಓಡಿ ಮಣ್ಣು ತಳ್ಳುವ ಬುಲ್ಡೋಜರ್, ಇಟ್ಟುಕೊಂಡವರಿಗೆ ವರ್ಷದಲ್ಲಿ ದುಡಿಮೆಯ ತಿಂಗಳುಗಳು ಏಳು ಸಿಕ್ಕರೆ ಹೆಚ್ಚು. ದೀಪಾವಳಿಯ ಹೊತ್ತಿಗೆ ನೆಲ ಆರತೊಡಗಿದ ಮೇಲೆ ಕೆಲಸ ಹಿಡಿದರೆ, ಜೂನಿನಲ್ಲಿ ಮುಂಗಾರು ಕೂಡಿಕೊಳ್ಳುವಷ್ಟರಲ್ಲಿ ಯಂತ್ರ ಶೆಡ್ಡಿಗೆ ಮರಳಿರಬೇಕು. ಆದ್ದರಿಂದ ಸವೆದ ಡೋಜರನ್ನು ದುರಸ್ತಿ ಮಾಡಿಸಬೇಕೋ ಮಾರಬೇಕೋ ಎಂಬ ಪ್ರಶ್ನೆಯನ್ನು ಮಳೆಗಾಲದಲ್ಲೇ ಕೈಗೆತ್ತಿಕೊಳ್ಳಬೇಕು. ಜನವರಿಯಲ್ಲಿ ಯಾರದೋ ಜಮೀನಿನ ನಡುವೆ ಯಂತ್ರ ನಿಂತುಹೋದ ಮೇಲೆ ಮಾಡುವ ತೀರ್ಮಾನದಲ್ಲಿ ಲೆಕ್ಕಕ್ಕಿಂತ ಆತುರವೇ ಹೆಚ್ಚಿರುತ್ತದೆ, ಆತುರಕ್ಕೆ ತೆರುವ ಬೆಲೆಯೂ ದೊಡ್ಡದು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ನಮ್ಮ ಡೋಜರ್‌ನ ಎಂಜಿನ್ ನೀಲಿ ಹೊಗೆ ಉಗುಳತೊಡಗಿದಾಗ ನಾನು ಬೇರೇನನ್ನೂ ನೋಡದೆ ಎಂಜಿನ್ ಇಳಿಸಿ, ಲೈನರ್, ಪಿಸ್ಟನ್, ಬೇರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಿಸಿದೆ. ಎಂಜಿನ್ ಚೆನ್ನಾಗಿಯೇ ಆಯಿತು. ಆದರೆ ಅದೇ ಸೀಸನ್ನಿನ ಮೂರನೆಯ ತಿಂಗಳಲ್ಲಿ, ಜಂಬಿಟ್ಟಿಗೆ ನೆಲದ ಒಂದು ಇಳಿಜಾರಿನಲ್ಲಿ ತಿರುಗಿಸುವಾಗ ಎಡಗಡೆಯ ಚೈನ್ ಕಳಚಿ ಬಿತ್ತು. ಬಂದು ನೋಡಿದ ಫಿಟ್ಟರ್, ಚೈನನ್ನು ಎಳೆಯುವ ಹಲ್ಲುಚಕ್ರವಾದ ಸ್ಪ್ರಾಕೆಟ್‌ನ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿ, "ಇದು ಕತ್ತಿಯ ಹಾಗೆ ಆಗಿದೆಯಲ್ಲ, ಎಂಜಿನ್ ಇಳಿಸುವ ಮೊದಲು ಬಗ್ಗಿ ನೋಡಲಿಲ್ಲವೇ?" ಎಂದು ಕೇಳಿದರು. ಎರಡೂ ಕಡೆಯ ಚೈನ್, ಸ್ಪ್ರಾಕೆಟ್, ರೋಲರ್‌ಗಳಿಗೆ ಅವರು ಹೇಳಿದ ಮೊತ್ತ ಎಂಜಿನ್ನಿಗೆ ಆಗಲೇ ಸುರಿದಿದ್ದ ಹಣಕ್ಕಿಂತ ಹೆಚ್ಚಿತ್ತು. ಎರಡನ್ನೂ ಮೊದಲೇ ಕೂಡಿಸಿ ನೋಡಿದ್ದರೆ ನಾನು ಆ ಯಂತ್ರವನ್ನು ಮಾರುತ್ತಿದ್ದೆ.

ಹೀಗಾಗಿ ಪರಿಶೀಲನೆಯನ್ನು ಕೆಳಗಿನಿಂದ ಆರಂಭಿಸಬೇಕು. ಡೋಜರ್‌ನ ಆಯುಷ್ಯದುದ್ದಕ್ಕೂ ಆಗುವ ದುರಸ್ತಿ ಖರ್ಚಿನಲ್ಲಿ ಸುಮಾರು ಅರ್ಧದಷ್ಟು ಚೈನ್, ಅದರ ಮೇಲೆ ಯಂತ್ರದ ಭಾರ ಹೊರುವ ರೋಲರ್, ಮುಂದಿನ ತುದಿಯಲ್ಲಿ ಚೈನ್ ಸುತ್ತಿ ಬರುವ ಚಕ್ರವಾದ ಐಡ್ಲರ್ ಮತ್ತು ಸ್ಪ್ರಾಕೆಟ್‌ಗಳಿಗೇ ಹೋಗುತ್ತದೆ. ನಮ್ಮ ಮಲೆನಾಡಿನ ನೆಲದಲ್ಲಿ ಈ ಸವೆತ ಇನ್ನೂ ಬೇಗ ಆಗುತ್ತದೆ. ಜಂಬಿಟ್ಟಿಗೆಯ ಹರಳು ಅರದ ಹಾಗೆ ಉಜ್ಜುತ್ತದೆ, ಒದ್ದೆ ಕೆಂಪು ಮಣ್ಣು ರೋಲರ್‌ಗಳ ನಡುವೆ ಗಟ್ಟಿಯಾಗಿ ಕುಳಿತು ಅವು ತಿರುಗದಂತೆ ಮಾಡುತ್ತದೆ, ಇಳಿಜಾರಿನಲ್ಲಿ ಅಡ್ಡವಾಗಿ ಓಡಿಸಿದಾಗ ಭಾರವೆಲ್ಲ ತಗ್ಗಿನ ಬದಿಯ ಚೈನಿನ ಮೇಲೆ ಬೀಳುತ್ತದೆ. ಅದಕ್ಕಾಗಿಯೇ ಎಡ ಬಲ ಎರಡನ್ನೂ ಪ್ರತ್ಯೇಕವಾಗಿ ಅಳೆಯುವುದು ಅಗತ್ಯ.

ಅಳೆಯುವ ಕ್ರಮ ಕಷ್ಟದ್ದಲ್ಲ. ಮಣ್ಣನ್ನು ಪೂರ್ತಿ ತೊಳೆದು, ಸಮತಟ್ಟಾದ ಗಟ್ಟಿ ನೆಲದಲ್ಲಿ ಯಂತ್ರವನ್ನು ನಿಲ್ಲಿಸಿ, ಸ್ಪ್ರಾಕೆಟ್ ಮತ್ತು ಚೈನಿನ ನಡುವೆ ಒಂದು ಹಳೆಯ ಪಿನ್ ಸಿಕ್ಕಿಸಿ ಬಹಳ ನಿಧಾನವಾಗಿ ಹಿಂದಕ್ಕೆ ಎಳೆದರೆ ಚೈನ್ ಬಿಗಿಯುತ್ತದೆ. ಬಿಗಿದ ಮೇಲೆ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿದ ಬಳಿಕವೇ ಯಾರಾದರೂ ಕೈ ಹಾಕಬೇಕು. ಈಗ ಲಿಂಕ್‌ಗಳನ್ನು ಜೋಡಿಸುವ ಒಂದು ಪಿನ್ನಿನ ನಡುವಿನಿಂದ ನಾಲ್ಕು ಲಿಂಕ್ ಆಚೆಗಿರುವ ಪಿನ್ನಿನ ನಡುವಿನವರೆಗೆ ಟೇಪ್ ಹಿಡಿಯಿರಿ. ಚೈನ್ ಬಿಚ್ಚಲೆಂದು ಇರುವ ಮಾಸ್ಟರ್ ಲಿಂಕ್ ಈ ಅಳತೆಯೊಳಗೆ ಬರಬಾರದು. ಹೊಸದಿದ್ದಾಗ ಒಂದು ಲಿಂಕ್ 203 ಮಿ.ಮೀ. ಇದ್ದ ಚೈನಿನಲ್ಲಿ ನಾಲ್ಕು ಲಿಂಕ್ ಸೇರಿ ಸುಮಾರು 812 ಮಿ.ಮೀ. ಆಗಬೇಕು. ಅದು 824ರ ಹತ್ತಿರ ಬಂದಿದ್ದರೆ, ಅಂದರೆ ಲಿಂಕ್ ಒಂದಕ್ಕೆ 3 ಮಿ.ಮೀ.ನಷ್ಟು ಹಿಗ್ಗಿದ್ದರೆ, ಪಿನ್ ಮತ್ತು ಅದರ ಸುತ್ತಲಿನ ಕೊಳವೆಯಾದ ಬುಶ್ ಒಳಗೊಳಗೇ ಸವೆದು ಮುಗಿದಿವೆ ಎಂದು ತಿಳಿಯಬಹುದು. ನಿಮ್ಮ ಯಂತ್ರದ ಸರಿಯಾದ ಮಿತಿ ಅದರ ಕೈಪಿಡಿಯಲ್ಲಿರುತ್ತದೆ, ಅದನ್ನೇ ಅನುಸರಿಸಿ.

ಈ ಅಳತೆ ಮಿತಿಯ ಒಳಗಿದ್ದು, ಬುಶ್‌ನ ಹೊರಮೈ ಮಾತ್ರ ಒಂದು ಬದಿಗೆ ಸವೆದಿದ್ದರೆ ಕಡಿಮೆ ಖರ್ಚಿನ ಒಂದು ದಾರಿ ಇನ್ನೂ ಇದೆ. ಹೈಡ್ರಾಲಿಕ್ ಪ್ರೆಸ್ ಇರುವ ಕಡೆ ಚೈನ್ ಒಯ್ದು ಪಿನ್ ಬುಶ್‌ಗಳನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ, ಸವೆಯದ ಮೈ ಸ್ಪ್ರಾಕೆಟ್‌ನ ಕಡೆಗೆ ಬಂದು ಚೈನಿಗೆ ಮತ್ತಷ್ಟು ಆಯುಷ್ಯ ಸಿಗುತ್ತದೆ. ಈ ಕೆಲಸಕ್ಕೆ ಒಂದು ಸಮಯವಿದೆ, ಅದು ದಾಟಿದರೆ ತೆಳುವಾದ ಬುಶ್ ಸೀಳುತ್ತದೆ. ಚೈನ್ ಹೊಸದು ಹಾಕಿ ಸ್ಪ್ರಾಕೆಟ್ ಹಳೆಯದನ್ನೇ ಉಳಿಸುವ ಉಳಿತಾಯವನ್ನಂತೂ ಯಾರೂ ಮಾಡಬಾರದು. ಹಿಗ್ಗಿದ ಚೈನಿಗೆ ಹೊಂದಿಕೊಂಡು ಸವೆದ ಹಲ್ಲು ಹೊಸ ಬುಶ್‌ಗಳನ್ನು ಕೆಲವೇ ತಿಂಗಳಲ್ಲಿ ತಿಂದುಹಾಕುತ್ತದೆ.

ಎಂಜಿನ್ನಿನ ವಿಷಯದಲ್ಲಿ ಹೊಗೆಯ ಬಣ್ಣ ಬಹಳಷ್ಟನ್ನು ಹೇಳುತ್ತದೆ. ಕಪ್ಪು ಹೊಗೆ ಕಟ್ಟಿಕೊಂಡ ಏರ್ ಫಿಲ್ಟರಿನಿಂದಲೋ ಕೆಟ್ಟ ನಾಜಲ್‌ನಿಂದಲೋ ಬರುತ್ತಿರಬಹುದು, ಅದಕ್ಕೆ ಹೆದರಬೇಕಾಗಿಲ್ಲ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಅದರ ಜೊತೆಗೆ ಎಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದಲೂ ಹೊಗೆ ಒತ್ತಿ ಬರುತ್ತಿದ್ದರೆ ರಿಂಗ್ ಮತ್ತು ಲೈನರ್ ಸೋತಿವೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಷನ್ ಇಳಿದಿದೆಯೋ, ನೀರು ಒಳಸೇರುತ್ತಿದೆಯೋ ನೋಡಿಸಬೇಕು. ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂಬುದರಲ್ಲಿ ಅನುಮಾನವೇ ಇಲ್ಲ. ಆಯಿಲ್ ಪ್ರೆಶರನ್ನು ಎರಡು ಗಂಟೆ ದುಡಿದು ಕಾದ ಎಂಜಿನ್ನಿನಲ್ಲಿ ನೋಡಬೇಕು, ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಎಲ್ಲ ಯಂತ್ರಗಳೂ ಆರೋಗ್ಯವಾಗಿಯೇ ಕಾಣುತ್ತವೆ.

ಎಂಜಿನ್ನಿಗಿಂತ ನನಗೆ ಹೆಚ್ಚು ಭಯವಿರುವುದು ಫೈನಲ್ ಡ್ರೈವ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಸ್ಪ್ರಾಕೆಟ್‌ಗೆ ಮುಟ್ಟಿಸುವ ಕೊನೆಯ ಗೇರ್ ಪೆಟ್ಟಿಗೆಯ ಬಗ್ಗೆ. ಅದರ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ, ತುದಿಯ ಆಯಸ್ಕಾಂತಕ್ಕೆ ಅಂಟಿರುವುದನ್ನು ಬಿಳಿ ಬಟ್ಟೆಯ ಮೇಲೆ ಒರೆಸಿ ಬಿಸಿಲಿಗೆ ಹಿಡಿಯಿರಿ. ಕಾಡಿಗೆಯ ಹಾಗೆ ನುಣ್ಣಗಿನ ಬೂದು ಲೇಪ ಸಹಜವಾದ ಸವೆತದ್ದು. ಬೆರಳಿಗೆ ಚುಚ್ಚುವ ಚೂರುಗಳೋ, ಹೊಳೆಯುವ ಚಕ್ಕೆಗಳೋ ಕಂಡರೆ ಒಳಗೆ ಗೇರಿನ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಅದನ್ನು ಬಿಚ್ಚುವವರೆಗೆ ಖರ್ಚು ಎಷ್ಟೆಂದು ಯಾವ ಮೆಕ್ಯಾನಿಕ್ಕೂ ಹೇಳಲಾರ. ಲಿವರ್ ಎಳೆದಾಗ ಯಂತ್ರ ಒಂದೇ ಕಡೆಗೆ ಸರಿಯಾಗಿ ತಿರುಗಿ ಇನ್ನೊಂದು ಕಡೆಗೆ ತಡವಾಗಿ ತಿರುಗಿದರೆ ಸ್ಟೀರಿಂಗ್ ಕ್ಲಚ್ ಅಥವಾ ಬ್ರೇಕ್ ಸವೆದಿದೆ. ಬ್ಲೇಡನ್ನು ಮೇಲೆತ್ತಿ, ಕೆಳಗೆ ಯಾರೂ ಇಲ್ಲದಂತೆ ನೋಡಿಕೊಂಡು ಎಂಜಿನ್ ನಿಲ್ಲಿಸಿದಾಗ ಅದು ಬೇಗ ಬೇಗ ಇಳಿದು ಬಂದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ಹೋಗಿದೆ, ಇದು ಸಣ್ಣ ಕೆಲಸ. ಬ್ಲೇಡಿನ ತೋಳುಗಳಲ್ಲಿ, ಫ್ರೇಮ್ ಕೂಡುವಲ್ಲಿ ಬೆಸುಗೆಯ ಮೇಲೆ ಬೆಸುಗೆ ಹಾಕಿದ ಗುರುತುಗಳಿದ್ದರೆ ಅದು ಸಣ್ಣ ಕೆಲಸವಲ್ಲ.

ಇಷ್ಟಾದ ಮೇಲೆ ಬಿಡಿಭಾಗದ ಪ್ರಶ್ನೆ ಬರುತ್ತದೆ. 1964ರಲ್ಲಿ ಸ್ಥಾಪನೆಯಾದ ನಮ್ಮದೇ ರಾಜ್ಯದ ಬಿಇಎಂಎಲ್, ಜಪಾನಿನ ಕೊಮಾಟ್ಸು ತಂತ್ರಜ್ಞಾನದೊಂದಿಗೆ ಕೆಜಿಎಫ್‌ನಲ್ಲಿ ತಯಾರಿಸಿದ ಡಿ-50, ಡಿ-80 ಮಾದರಿಗಳು ದೇಶದ ತುಂಬ ಓಡಿವೆ. ಹಾಗಾಗಿ ಅವುಗಳ ಹೊಸ ಸಾಮಾನೂ ಹಳೆಯ ಸಾಮಾನೂ ಹುಡುಕಿದರೆ ಸಿಗುತ್ತವೆ, ಕೈಪಳಗಿದ ಫಿಟ್ಟರ್‌ಗಳೂ ಇದ್ದಾರೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಫೌಂಡ್ರಿ, ಲೇತ್ ಕೆಲಸದ ಹಳೆಯ ಪರಂಪರೆ ಇರುವುದರಿಂದ ಪಿನ್, ಬುಶ್, ತೋಳಿನ ತೂತು ತುಂಬಿಸಿ ಬೋರ್ ಮಾಡುವಂಥ ಕೆಲಸಕ್ಕೆ ದೂರ ಹೋಗಬೇಕಾಗಿಲ್ಲ. ಆದರೆ ವಿರಳವಾದ ವಿದೇಶಿ ಯಂತ್ರವನ್ನು ಸೆಕೆಂಡ್ ಹ್ಯಾಂಡ್ ತಂದವರು ಒಂದು ಸೀಲ್‌ಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಏಳು ತಿಂಗಳ ಸೀಸನ್ನಿನಲ್ಲಿ ಒಂದು ತಿಂಗಳು ನಿಂತರೆ ಆಗುವ ನಷ್ಟವನ್ನೂ ದುರಸ್ತಿ ಖರ್ಚಿಗೇ ಸೇರಿಸಬೇಕು.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿರುವ ಅಂಕಿಗಳು ದಾರಿ ತೋರಿಸಲು ಹಾಕಿಕೊಂಡವು, ನಿಮ್ಮವನ್ನು ನೀವು ಹಾಕಿಕೊಳ್ಳಿ. ಇದ್ದ ಸ್ಥಿತಿಯಲ್ಲೇ ಡೋಜರ್‌ಗೆ 8 ಲಕ್ಷ ರೂಪಾಯಿ ಸಿಗುತ್ತದೆ, ದುರಸ್ತಿಗೆ, ಬಿಚ್ಚಿದ ಮೇಲೆ ಕಾಣಿಸಿಕೊಳ್ಳುವ ಖರ್ಚಿಗೆಂದು ಎಸ್ಟಿಮೇಟಿನ ಕಾಲು ಪಾಲನ್ನು ಹೆಚ್ಚಿಗೆ ಸೇರಿಸಿ, 6 ಲಕ್ಷ ಬೇಕು ಎಂದುಕೊಳ್ಳಿ. ದುರಸ್ತಿ ಮಾಡಿಸಿದರೆ ನೀವು ತೊಡಗಿಸುತ್ತಿರುವುದು 6 ಲಕ್ಷವಲ್ಲ, 14 ಲಕ್ಷ. ಏಕೆಂದರೆ ಇಂದು ಕೈಗೆ ಬರಬಹುದಾಗಿದ್ದ 8 ಲಕ್ಷವನ್ನೂ ಯಂತ್ರದಲ್ಲೇ ಬಿಡುತ್ತಿದ್ದೀರಿ. ಮುಂದೆ 2,500 ಗಂಟೆ ದುಡಿಸಿ ಆಮೇಲೆ 5 ಲಕ್ಷಕ್ಕೆ ಮಾರಿದರೆ ಕರಗುವುದು 9 ಲಕ್ಷ, ಅಂದರೆ ಗಂಟೆಗೆ 360 ರೂಪಾಯಿ. ಬಾಡಿಗೆಯಲ್ಲಿ ಡೀಸೆಲ್, ಆಪರೇಟರ್ ಸಂಬಳ, ಆಯಿಲ್, ಟ್ರೈಲರ್ ಖರ್ಚು ಕಳೆದು ಗಂಟೆಗೆ 500 ಉಳಿಯುತ್ತದೆಯಾದರೆ ದುರಸ್ತಿ ಮಾಡಿಸಬಹುದು. ಆದರೆ ಅಷ್ಟೇ ಅವಧಿಯಲ್ಲಿ ನಿಮಗೆ ಸಿಗುವ ಕೆಲಸ 1,200 ಗಂಟೆ ಮಾತ್ರ ಎಂದಾದರೆ, ಕಡಿಮೆ ಓಡಿದ್ದಕ್ಕೆ ಕೊನೆಯ ಬೆಲೆ 6 ಲಕ್ಷ ಬಂದರೂ, ಗಂಟೆಯ ಹೊರೆ 667 ರೂಪಾಯಿಗೆ ಏರುತ್ತದೆ. ದುರಸ್ತಿಯ ಖರ್ಚು ಬದಲಾಗದಿದ್ದರೂ ಸಿಗುವ ಕೆಲಸದ ಗಂಟೆಗಳೇ ಉತ್ತರವನ್ನು ತಿರುಗಿಸಿಬಿಡುತ್ತವೆ ಎಂಬುದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಬಹುತೇಕ ಜನ ಮೆಕ್ಯಾನಿಕ್‌ನ ಎಸ್ಟಿಮೇಟ್ ಒಂದನ್ನೇ ನೋಡುತ್ತಾರೆ.

ಕೆಲಸದ ಗಂಟೆಗಳನ್ನು ಊಹಿಸುವಾಗ ಆಸೆಗೆ ಜಾಗ ಕೊಡಬಾರದು. ಅಡಿಕೆ ತೋಟದ ಬಸಿಗಾಲುವೆ ತೆಗೆಯುವುದು, ದರೆ ಕಡಿಯುವುದು, ಬುಡ ಕೀಳುವುದು ಇವೆಲ್ಲ ಈಗ ಹಿಟಾಚಿಯ (ಉದ್ದ ತೋಳಿನಿಂದ ಅಗೆಯುವ ಎಕ್ಸ್‌ಕವೇಟರ್‌ನ) ಪಾಲಾಗಿವೆ, ಸಣ್ಣ ಪುಟ್ಟದ್ದಕ್ಕೆ ಜೆಸಿಬಿ ಬರುತ್ತದೆ. ವಿಶಾಲವಾದ ಜಾಗ ಸಮತಟ್ಟು ಮಾಡುವುದು, ಲೇಔಟ್ ಮತ್ತು ರಸ್ತೆಯ ನೆಲ ಹದ ಮಾಡುವುದು, ಕೆರೆ ಏರಿಗೆ ಮಣ್ಣು ತಳ್ಳುವುದು ಇಂಥ ಕೆಲಸಗಳಲ್ಲಿ ಡೋಜರ್‌ಗೆ ಇಂದಿಗೂ ಸಾಟಿಯಿಲ್ಲ. ಕಳೆದ ಮೂರು ಸೀಸನ್ನುಗಳ ಬಾಡಿಗೆ ಪುಸ್ತಕ ತೆಗೆದು ನಿಜವಾಗಿ ದುಡಿದ ಗಂಟೆಗಳನ್ನು ಕೂಡಿಸಿ, ಪ್ರತಿ ವರ್ಷ ಅವು ಇಳಿಯುತ್ತ ಬಂದಿದ್ದರೆ ಆ ಇಳಿತ ನಿಲ್ಲುತ್ತದೆ ಎಂದು ಭಾವಿಸಬೇಡಿ.

ಮಾರುವುದೆಂದು ತೀರ್ಮಾನಿಸಿದರೆ ಮೊದಲು ಗುಜರಿ ಬೆಲೆಯನ್ನು ತಿಳಿದಿಟ್ಟುಕೊಳ್ಳಿ. ಡಿ-50 ವರ್ಗದ ಡೋಜರ್ ಸುಮಾರು 11ರಿಂದ 12 ಟನ್ ತೂಗುತ್ತದೆ. ತೂಕಕ್ಕೆ ದರ ಕಟ್ಟಿ, ಕತ್ತರಿಸುವ ಮತ್ತು ಸಾಗಿಸುವ ಖರ್ಚು ಕಳೆದರೆ ಬರುವ ಮೊತ್ತಕ್ಕಿಂತ ಕೆಳಗೆ ಯಾರ ಮಾತಿಗೂ ಇಳಿಯಬೇಕಾಗಿಲ್ಲ. ಮಾರುವುದಕ್ಕಾಗಿ ಎಂಜಿನ್ ಕೆಲಸ ಮಾಡಿಸಬೇಡಿ, ಆ ಹಣ ಬೆಲೆಯಲ್ಲಿ ಪೂರ್ತಿ ಮರಳುವುದಿಲ್ಲ. ಸೋರುವ ಹೋಸ್ ಬದಲಿಸಿ, ಒಳ್ಳೆಯ ಬ್ಯಾಟರಿ ಹಾಕಿ, ಚೆನ್ನಾಗಿ ತೊಳೆದರೆ ಸಾಕು. ಹೊಸ ಬಣ್ಣ ಬಳಿಸಿದರೆ ತಿಳಿದ ಗಿರಾಕಿ ಅದರ ಕೆಳಗೆ ಏನಿದೆಯೆಂದು ಅನುಮಾನಿಸುತ್ತಾನೆ. ಅಳತೆ ಮಾಡಿದ ಚೀಟಿಯನ್ನೇ ಅವನ ಕೈಗೆ ಕೊಡಿ, ಚೌಕಾಸಿ ಅಲ್ಲಿಗೆ ಅರ್ಧ ಮುಗಿಯುತ್ತದೆ. ಗಿರಾಕಿಗಳು ಹುಡುಕಿಕೊಂಡು ಬರುವುದು ನವರಾತ್ರಿಯ ಆಸುಪಾಸಿನಲ್ಲಿ, ಮೇ ತಿಂಗಳ ಕೊನೆಗೆ ಕೊಂಡವನು ನಾಲ್ಕು ತಿಂಗಳು ನಿಲ್ಲಿಸಿಕೊಳ್ಳಬೇಕಾದ್ದರಿಂದ ಬೆಲೆ ಇಳಿಸುತ್ತಾನೆ.

ಕಬ್ಬಿಣದ ಚೈನಿನ ಮೇಲೆ ಓಡುವ ಡೋಜರ್‌ಗೆ ಸಾಮಾನ್ಯವಾಗಿ ಲಾರಿಯ ಹಾಗೆ ಆರ್‌ಸಿ ಇರುವುದಿಲ್ಲ. ಆದ್ದರಿಂದ ಮೂಲ ಬಿಲ್ಲು, ಹಿಂದಿನ ಮಾರಾಟದ ಪತ್ರ, ಸಾಲ ಪಡೆದಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಇವುಗಳೇ ಮಾಲೀಕತ್ವದ ಆಧಾರ. ಅವುಗಳಲ್ಲಿರುವ ಎಂಜಿನ್ ಮತ್ತು ಚಾಸಿಸ್ ನಂಬರ್ ಯಂತ್ರದ ಮೇಲಿನ ಪ್ಲೇಟಿಗೆ ತಾಳೆಯಾಗುತ್ತವೆಯೇ ಎಂದು ಗಿರಾಕಿ ಬರುವ ಮೊದಲೇ ತುಕ್ಕು ಉಜ್ಜಿ ಓದಿಕೊಳ್ಳಿ. ಜಿಎಸ್‌ಟಿ ನೋಂದಣಿ ಇರುವವರು ಬಿಲ್ಲು ಬರೆಯುವ ಮುನ್ನ ತಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸಬೇಕು. ಕರಾವಳಿಯ ಗಿರಾಕಿಯಾದರೆ ಟ್ರೈಲರ್ ಯಾವ ದಾರಿಯಲ್ಲಿ ಇಳಿಯುತ್ತದೆ, ಅದರ ಬಾಡಿಗೆ ಯಾರದು ಎಂಬುದನ್ನೂ ಮೊದಲೇ ಮಾತಾಡಿ. ಆಗುಂಬೆ ಘಾಟಿಯಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದುಂಟು. ಹಣ ಪೂರ್ತಿ ಖಾತೆಗೆ ಬಂದ ಮೇಲೆ, ಯಂತ್ರ ದುಡಿದ ಗಂಟೆ ತೋರಿಸುವ ಅವರ್ ಮೀಟರಿನ ಅಂಕಿ ಮತ್ತು ಎರಡೂ ನಂಬರುಗಳನ್ನು ಬರೆದ ಪತ್ರಕ್ಕೆ ಇಬ್ಬರೂ ಸಹಿ ಹಾಕಿ, ಆಮೇಲೆ ಯಂತ್ರವನ್ನು ಟ್ರೈಲರ್‌ಗೆ ಹತ್ತಿಸಿ.