ಜಂಬೂಸವಾರಿಗೆ ಎಲ್ಲಿ ಕೂರುವುದು: ನಾನು ನಿರ್ಧರಿಸಿದ ಬಗೆ

ನವರಾತ್ರಿ ಹತ್ತಿರವಾಗುತ್ತಿದ್ದಂತೆ ಮೈಸೂರಿನಲ್ಲಿ ಮನೆಯಿರುವವರಿಗೆ ದೂರದ ನೆಂಟರಿಂದ ಬರುವ ಮೊದಲ ಪ್ರಶ್ನೆ ‘ಈ ಸಲ ಪಾಸ್ ಸಿಗಬಹುದೇ?’ ಎಂಬುದು. ಅದಕ್ಕೆ ಉತ್ತರಿಸುವ ಮುನ್ನ ನಾನು ಈಗ ಒಂದು ಮರುಪ್ರಶ್ನೆ ಹಾಕುತ್ತೇನೆ: ಜಂಬೂಸವಾರಿಯಲ್ಲಿ ನೀವು ನೋಡಬೇಕೆಂದಿರುವುದು ಏನನ್ನು? ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ಸಾಗುವ, ಹಲವು ಗಂಟೆಗಳ ಕಾಲ ನಡೆಯುವ ಮೆರವಣಿಗೆಯನ್ನು ಒಂದೇ ಜಾಗದಲ್ಲಿ ಕುಳಿತು ಪೂರ್ತಿ ನೋಡುವ ಉಪಾಯ ಯಾರ ಬಳಿಯೂ ಇಲ್ಲ. ಮುಂದಿನ ಸಾಲಿನ ಕುರ್ಚಿಯವರಿಗೂ ಏನಾದರೊಂದು ತಪ್ಪಿಯೇ ತಪ್ಪುತ್ತದೆ. ಹಾಗಾಗಿ ಆಸನವನ್ನು ಆರಿಸುವಾಗ ಏನು ತಪ್ಪಿದರೆ ನಮಗೆ ಬೇಸರವಿಲ್ಲ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡೆ.

ಆ ವರ್ಷ ನಮ್ಮ ಮನೆಯಲ್ಲಿ ನೋಡುವವರು ಐವರಿದ್ದೆವು. ಮೊಣಕಾಲು ನೋವಿನ ಅಮ್ಮ, ಧಾರವಾಡದಿಂದ ಬಂದ ಅತ್ತಿಗೆ, ಅವರ ಇಬ್ಬರು ಮಕ್ಕಳು ಮತ್ತು ನಾನು. ಅಮ್ಮನಿಗೆ ಬೇಕಾಗಿದ್ದುದು ಒಂದೇ, ಚಿನ್ನದ ಅಂಬಾರಿಯಲ್ಲಿ ಕುಳಿತ ಚಾಮುಂಡೇಶ್ವರಿಯ ದರ್ಶನ. ಸ್ತಬ್ಧಚಿತ್ರಗಳು, ಕಲಾತಂಡಗಳು ಬಂದರೂ ಸರಿ, ಬಾರದಿದ್ದರೂ ಸರಿ. ಅತ್ತಿಗೆಯ ಮಗಳಿಗೆ ಫೋಟೊ ತೆಗೆಯುವ ಹುಚ್ಚು. ಡೊಳ್ಳು, ಕಂಸಾಳೆ, ವೀರಗಾಸೆಯವರು ಹತ್ತಿರದಿಂದ ಸಿಗಬೇಕು. ಚಿಕ್ಕವನಿಗೆ, ಮೆರವಣಿಗೆ ಮುಗಿದ ಮೇಲೆ ರಾತ್ರಿ ಬನ್ನಿಮಂಟಪದ ಮೈದಾನದಲ್ಲಿ ನಡೆಯುವ ಪಂಜಿನ ಕವಾಯತಿನಲ್ಲಿ ಮೋಟಾರ್ ಸೈಕಲ್ ಮೇಲೆ ನಡೆಯುವ ಸಾಹಸವೊಂದೇ ಸಾಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ನೋಡಿದಾಗ ಐವರೂ ಒಟ್ಟಿಗೆ ಒಂದೇ ಕಡೆ ಕೂರಬೇಕೆಂಬ ಹಟವನ್ನು ಬಿಟ್ಟರೆ ಅರ್ಧ ಸಮಸ್ಯೆ ತೀರುತ್ತದೆ ಎಂಬುದು ಸ್ಪಷ್ಟವಾಯಿತು. ಹಬ್ಬದ ದಿನ ಮನೆಯವರು ಬೇರೆ ಬೇರೆ ಕೂರುವುದೇ ಎಂದು ಅತ್ತಿಗೆ ಮೊದಲು ಮುಖ ಸಿಂಡರಿಸಿದರು. ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೇ ಕೂರುತ್ತೇವಲ್ಲ ಎಂದು ಸಮಾಧಾನ ಹೇಳಿದೆ.

ಮುಂದಿನ ಕೆಲಸ ಸಮಯದ ಲೆಕ್ಕ. ವಿಜಯದಶಮಿಯ ಮಧ್ಯಾಹ್ನ ಅರಮನೆಯ ಉತ್ತರದ ಬಲರಾಮ ದ್ವಾರದಲ್ಲಿ ಮುಖ್ಯಮಂತ್ರಿಗಳು ನಂದಿಧ್ವಜಕ್ಕೆ ಪೂಜೆ ಸಲ್ಲಿಸಿದೊಡನೆ ಮೆರವಣಿಗೆ ಹೊರಡುತ್ತದೆ. ಧ್ವಜ ಹೊತ್ತ ನಿಶಾನೆ ಆನೆ, ವಾದ್ಯ ಹೊತ್ತ ನೌಪತ್ ಆನೆ, ಕಲಾತಂಡಗಳು, ಜಿಲ್ಲೆಗಳ ಮತ್ತು ಇಲಾಖೆಗಳ ಸ್ತಬ್ಧಚಿತ್ರಗಳು ಮೊದಲು ಸಾಗುತ್ತವೆ. ಅಂಬಾರಿ ಹೊತ್ತ ಆನೆ ಬರುವುದು ಕೊನೆಯಲ್ಲಿ. ಪುಷ್ಪಾರ್ಚನೆ, ಇಪ್ಪತ್ತೊಂದು ಕುಶಾಲತೋಪು, ಪೊಲೀಸ್ ಬ್ಯಾಂಡಿನ ರಾಷ್ಟ್ರಗೀತೆ, ಇವೆಲ್ಲ ಮುಗಿದ ಮೇಲೆಯೇ ಅದು ಅರಮನೆಯ ಅಂಗಳ ಬಿಡುತ್ತದೆ. 2024ರಲ್ಲಿ ನಂದಿಧ್ವಜ ಪೂಜೆಗೆ ಇಟ್ಟಿದ್ದ ಮುಹೂರ್ತ ಮಧ್ಯಾಹ್ನ 1.41ರಿಂದ 2.10, ಪುಷ್ಪಾರ್ಚನೆಗೆ ಇಟ್ಟಿದ್ದುದು ಸಂಜೆ 4ರಿಂದ 4.30. ಅಂದರೆ ಅಂಬಾರಿಯೊಂದನ್ನೇ ನೋಡಬೇಕೆನ್ನುವವರು ಕುರ್ಚಿ ಹಿಡಿಯಲು ಬೇಗ ಬರುವ ಹೊತ್ತನ್ನೂ ಸೇರಿಸಿ ನಾಲ್ಕೈದು ಗಂಟೆ ಕಾಯುವುದು ಖಚಿತ. ಅದಕ್ಕೆ ತಕ್ಕ ಆಸರೆ, ನೀರು, ಶೌಚಾಲಯ ಹತ್ತಿರದಲ್ಲಿರಬೇಕು. ಅಮ್ಮನ ವಿಷಯದಲ್ಲಿ ಈ ಒಂದು ಕಾರಣವೇ ರಸ್ತೆಬದಿಯ ಆಲೋಚನೆಯನ್ನು ತಳ್ಳಿಹಾಕಲು ಸಾಕಾಯಿತು.

ಅರಮನೆಯ ಅಂಗಳದ ಆಸನಗಳ ಬಗ್ಗೆ ಹೊರಗಿನವರಲ್ಲಿ ಒಂದು ಕಲ್ಪನೆಯಿದೆ: ಎಷ್ಟು ಮುಂದಿದ್ದರೆ ಅಷ್ಟು ಒಳ್ಳೆಯದು ಎಂದು. ನೆಲದ ಮೇಲೆ ಕುಣಿಯುವ ಕಲಾವಿದರ ಮಟ್ಟಿಗೆ ಅದು ನಿಜ. ಹಿಂದಿನ ಸಾಲಿನವರಿಗೆ ಕಾಣುವುದು ಮುಂದಿನವರು ಎತ್ತಿಹಿಡಿದ ಮೊಬೈಲುಗಳು ಮಾತ್ರ. ಆದರೆ ಅಂಬಾರಿ ಆನೆಯ ಬೆನ್ನಿನ ಮೇಲಿರುತ್ತದೆ; ಎಲ್ಲರ ತಲೆಗಳಿಗಿಂತ ಎತ್ತರದಲ್ಲಿ ಸಾಗುವ ಅದು ಹಿಂದಿನ ಸಾಲಿಗೂ ಅಡ್ಡಿಯಿಲ್ಲದೆ ಕಾಣುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿ ಬಿಸಿಲು. ಅರಮನೆ ಪೂರ್ವಾಭಿಮುಖವಾಗಿರುವುದರಿಂದ ಅದರ ಮುಂಭಾಗದಲ್ಲಿ ಅರಮನೆಯತ್ತ ಮುಖಮಾಡಿ ಕುಳಿತವರಿಗೆ ಮಧ್ಯಾಹ್ನದ ನಂತರದ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ. ಸೂರ್ಯ ಗೋಪುರಗಳ ಹಿಂದೆ ಇಳಿದ ಮೇಲಷ್ಟೇ ನೆರಳು ಅಂಗಳದತ್ತ ಚಾಚಿಕೊಳ್ಳುತ್ತದೆ. ಅಮ್ಮನಿಗೆ ಮುಂದಿನ ಸಾಲಿನ ಬದಲು, ಹೊರಹೋಗುವ ದಾರಿಗೆ ಹತ್ತಿರವಿರುವ, ಮೇಲೆ ಶಾಮಿಯಾನದ ಆಸರೆಯಿರುವ, ಸಾಲಿನ ತುದಿಯ ಕುರ್ಚಿ ಹಿಡಿಯಬೇಕೆಂದು ಅಂದೇ ಬರೆದಿಟ್ಟೆ. ಸಾಲಿನ ತುದಿಯಲ್ಲಿದ್ದರೆ ಕಾಲು ಚಾಚಬಹುದು, ಏಳಬೇಕಾದಾಗ ಹತ್ತು ಜನರ ಮೊಣಕಾಲು ದಾಟಬೇಕಾಗಿಲ್ಲ.

ರಸ್ತೆಯ ಲೆಕ್ಕಾಚಾರ ಬೇರೆ. ಕೆ.ಆರ್. ವೃತ್ತದಿಂದ ಸಯ್ಯಾಜಿರಾವ್ ರಸ್ತೆ ಉತ್ತರಕ್ಕೆ ಸಾಗುತ್ತದೆ, ಮೆರವಣಿಗೆಯೂ ಅದೇ ದಿಕ್ಕಿಗೆ. ಸಂಜೆಯ ಹೊತ್ತಿನಲ್ಲಿ ದೇವರಾಜ ಮಾರುಕಟ್ಟೆಯಿರುವ ಪಶ್ಚಿಮ ಬದಿಯಲ್ಲಿ ಕಟ್ಟಡಗಳ ನೆರಳು ಬೇಗ ಬೀಳುತ್ತದೆ, ಸೂರ್ಯ ನಮ್ಮ ಬೆನ್ನ ಹಿಂದಿರುತ್ತಾನೆ, ಎದುರಿಗೆ ಸಾಗುವ ಆನೆಗಳ ಮೇಲೆ ಬೆಳಕು ಬೀಳುತ್ತದೆ. ಎದುರು ಬದಿಯಲ್ಲಿ ನಿಂತವರಿಗೆ ಇದೆಲ್ಲ ತಿರುಗುಮುರುಗು: ಕಣ್ಣಿಗೆ ಬಿಸಿಲು, ಫೋಟೊದಲ್ಲಿ ಕಪ್ಪು ನೆರಳಿನಂಥ ಆನೆ. ಇಷ್ಟು ಸರಳವಾದ ವಿಷಯವನ್ನು ಲೆಕ್ಕಿಸದೆ ಬೆಳಿಗ್ಗೆಯೇ ಬಂದು, ಆಗ ನೆರಳಿರುವ ಪೂರ್ವದ ಬದಿಯಲ್ಲಿ ಚಾಪೆ ಹಾಸಿ ಜಾಗ ಹಿಡಿದವರು ಮಧ್ಯಾಹ್ನ ಟವೆಲ್ ಹೊದ್ದು ಕೂರುವುದನ್ನು ಪ್ರತಿವರ್ಷವೂ ನೋಡಬಹುದು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ಈ ರಸ್ತೆಯ ಆಸುಪಾಸಿನ ಹಳೆಯ ಕಟ್ಟಡಗಳಲ್ಲಿ ಕೆಲವು ಶಿಥಿಲವಾಗಿವೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾದದ್ದನ್ನು ಮೈಸೂರಿಗರು ಮರೆತಿಲ್ಲ. ಅಂಥ ಕಟ್ಟಡಗಳ ಮೇಲೆ, ಮರಗಳ ಮೇಲೆ ಹತ್ತಬೇಡಿರೆಂದು ಪೊಲೀಸರು ಹೇಳುವುದು ಸುಮ್ಮನೆ ಅಲ್ಲ.

ಈ ಎಲ್ಲ ಊಹೆಗಳನ್ನು ಪರೀಕ್ಷಿಸುವ ಅವಕಾಶವನ್ನು ದಸರೆಯೇ ಪುಕ್ಕಟೆಯಾಗಿ ಕೊಡುತ್ತದೆ. ಗಜಪಯಣದ ಮೂಲಕ ಕಾಡಿನ ಶಿಬಿರಗಳಿಂದ ಬಂದ ಆನೆಗಳು ಹಬ್ಬಕ್ಕೆ ವಾರಗಳ ಮೊದಲಿನಿಂದಲೇ ಬೆಳಿಗ್ಗೆ ಮತ್ತು ಸಂಜೆ ಅರಮನೆಯಿಂದ ಬನ್ನಿಮಂಟಪದವರೆಗೆ ಇದೇ ರಸ್ತೆಯಲ್ಲಿ ತಾಲೀಮು ನಡೆಸುತ್ತವೆ. ಮೊದಮೊದಲು ಬರಿಬೆನ್ನಿನಲ್ಲಿ, ಆಮೇಲೆ ಮರಳು ಮೂಟೆಗಳೊಂದಿಗೆ, ಕೊನೆಯ ದಿನಗಳಲ್ಲಿ ಮರದ ಅಂಬಾರಿಯೊಂದಿಗೆ. ಚಿನ್ನದ ಅಂಬಾರಿಯ ತೂಕ 750 ಕಿಲೋ ಎಂದಾಗ ಈ ಕ್ರಮದ ಅಗತ್ಯ ತಿಳಿಯುತ್ತದೆ. ಸಂಜೆಯ ತಾಲೀಮಿನ ಹೊತ್ತಿಗೆ ನಾನು ಒಂದೊಂದು ದಿನ ಒಂದೊಂದು ಕಡೆ ಹೋಗಿ ನಿಂತೆ: ಕೆ.ಆರ್. ವೃತ್ತದ ತಿರುವಿನಲ್ಲಿ, ಮಾರುಕಟ್ಟೆಯ ಎದುರು, ಆಯುರ್ವೇದ ಕಾಲೇಜು ವೃತ್ತದಲ್ಲಿ, ಬಂಬೂ ಬಜಾರಿನಲ್ಲಿ. ತಿರುವುಗಳಲ್ಲಿ ಆನೆಗಳು ನಿಧಾನವಾಗುವುದರಿಂದ ನೋಡಲು ಹೆಚ್ಚು ಹೊತ್ತು ಸಿಗುತ್ತದೆ, ಆದರೆ ನೂಕುನುಗ್ಗಲು ಅಲ್ಲಿಯೇ ಹೆಚ್ಚಾಗುತ್ತದೆ. ಆಯುರ್ವೇದ ವೃತ್ತದಿಂದ ಮುಂದಕ್ಕೆ ಜನ ತುಸು ವಿರಳ; ಆದರೆ ಹಬ್ಬದ ದಿನ ಅಂಬಾರಿ ಅಲ್ಲಿಗೆ ತಲುಪುವಾಗ ಮುಸ್ಸಂಜೆಯಾಗಿರುತ್ತದೆ. ದೊಡ್ಡ ಕ್ಯಾಮೆರಾ ಇಲ್ಲದವರಿಗೆ ಅದು ನಷ್ಟವೇ. ಈ ಓಡಾಟದಲ್ಲಿ ಸಿಕ್ಕ ನಿಜವಾದ ಲಾಭ ಬೇರೆಯದು. ಸಯ್ಯಾಜಿರಾವ್ ರಸ್ತೆಯ ಪಶ್ಚಿಮ ಬದಿಯಲ್ಲಿ ಪರಿಚಿತರೊಬ್ಬರ ಅಂಗಡಿಯಿದೆ, ಕಟ್ಟಡ ಗಟ್ಟಿಯಾದದ್ದು, ಮೊದಲ ಮಹಡಿಗೆ ಎರಡು ಅಗಲವಾದ ಕಿಟಕಿಗಳಿವೆ. ಮರದ ಅಂಬಾರಿ ಹೊತ್ತ ಆನೆ ಹಾದುಹೋದಾಗ ಆ ಕಿಟಕಿಯಿಂದ ನೋಡಿದರೆ ಅಂಬಾರಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು. ಅರಮನೆಯ ಯಾವ ಕುರ್ಚಿಯಿಂದಲೂ ಈ ನೋಟ ಸಿಗುವುದಿಲ್ಲ ಎಂದು ನನ್ನ ನಂಬಿಕೆ. ಅವರ ಒಪ್ಪಿಗೆಯನ್ನು ಅಂದೇ ಪಡೆದೆ. ಅಂಗಡಿಯ ಯಜಮಾನರ ನೆಂಟರೂ ಬರುವವರಿದ್ದರಿಂದ ಮೂವರಿಗಿಂತ ಹೆಚ್ಚು ಜನರನ್ನು ಕರೆತರುವುದಿಲ್ಲವೆಂದು ಮಾತುಕೊಟ್ಟೆ.

ಬನ್ನಿಮಂಟಪದ ಪಂಜಿನ ಕವಾಯತಿಗೆ ಇದೆಲ್ಲದರ ವಿರುದ್ಧವಾದ ನಿಯಮ. ಅಲ್ಲಿ ನೋಡಬೇಕಾದದ್ದು ಮೈದಾನದ ಮೇಲೆ ಮೂಡುವ ಆಕೃತಿಗಳನ್ನು: ಕತ್ತಲೆಯಲ್ಲಿ ಪಂಜು ಹಿಡಿದವರು ಸಾಲುಗಟ್ಟಿ ಬರೆಯುವ ಚಿತ್ತಾರ ಮತ್ತು ಅಕ್ಷರಗಳು, ಅಶ್ವದಳದ ಸುತ್ತುಗಳು, ಬೈಕ್ ಸವಾರರು ಕಟ್ಟುವ ಗೋಪುರಗಳು. ಕೆಳಗಿನ ಮೆಟ್ಟಿಲಲ್ಲಿ ಕುಳಿತರೆ ಪಂಜುಗಳು ಒಂದೇ ಗೆರೆಯಾಗಿ ಕಾಣುತ್ತವೆ, ಆಕೃತಿ ಅರ್ಥವಾಗುವುದಿಲ್ಲ. ಆದ್ದರಿಂದ ಅಲ್ಲಿ ಮೇಲಿನ ಮೆಟ್ಟಿಲುಗಳೇ ಲೇಸು, ಅದರಲ್ಲೂ ರಾಜ್ಯಪಾಲರು ಗೌರವವಂದನೆ ಸ್ವೀಕರಿಸುವ ವೇದಿಕೆಯ ಬದಿಯ ಮೇಲ್ಮೆಟ್ಟಿಲುಗಳು, ಏಕೆಂದರೆ ಹೆಚ್ಚಿನ ಪ್ರದರ್ಶನಗಳು ಆ ದಿಕ್ಕಿಗೇ ಮುಖಮಾಡಿರುತ್ತವೆ. ಹಬ್ಬಕ್ಕೆ ಮೊದಲು ಅಲ್ಲಿ ನಡೆಯುವ ಪೂರ್ವಾಭ್ಯಾಸಕ್ಕೆ ಜನರಿಗೂ ಪ್ರವೇಶ ಸಿಗುವುದುಂಟು. ಗಣ್ಯರ ಭಾಷಣ, ಬಿಗಿ ತಪಾಸಣೆ ಇಲ್ಲದೆ ಬಹುಪಾಲು ಅದೇ ಪ್ರದರ್ಶನ ನೋಡಬಹುದಾದ್ದರಿಂದ ತೀರ ಚಿಕ್ಕ ಮಕ್ಕಳಿರುವವರಿಗೆ ಅದನ್ನೇ ಸೂಚಿಸುತ್ತೇನೆ.

ಟಿಕೆಟಿನ ಲೆಕ್ಕ ಬಂದದ್ದು ಇಷ್ಟೆಲ್ಲ ಆದ ಮೇಲೆ. 2024ರ ದರದಲ್ಲಿ ಹೇಳುವುದಾದರೆ ಅರಮನೆ ಆವರಣದ ಜಂಬೂಸವಾರಿ ಟಿಕೆಟ್ ತಲಾ 3,500 ರೂಪಾಯಿ, ಪಂಜಿನ ಕವಾಯತಿಗೆ 1,000 ರೂಪಾಯಿ, ಎರಡಕ್ಕೂ ಸಲ್ಲುವ ಗೋಲ್ಡ್ ಕಾರ್ಡಿಗೆ 6,500 ರೂಪಾಯಿ. ಎರಡನ್ನೂ ಬಿಡಿಯಾಗಿ ಕೊಂಡರೆ 4,500. ಉಳಿದ 2,000 ರೂಪಾಯಿ ಕಾರ್ಡಿನ ಇತರ ಸೌಲಭ್ಯಗಳಿಗೆ ಕೊಟ್ಟಂತೆ. ಹೊರಗಿನಿಂದ ಬಂದು ಕೆಲವು ದಿನ ಉಳಿಯುವವರಿಗೆ ಅದು ಒಪ್ಪಬಹುದು. ಊರಿನಲ್ಲೇ ಇರುವ ನಮಗೆ ಬೇಕಿರಲಿಲ್ಲ. ಅಮ್ಮ ಮತ್ತು ಅತ್ತಿಗೆಗೆ ಅರಮನೆಯ ಎರಡು ಟಿಕೆಟ್, ಮಕ್ಕಳಿಗೂ ನನಗೂ ಕವಾಯತಿನ ಮೂರು ಟಿಕೆಟ್, ಒಟ್ಟು 10,000 ರೂಪಾಯಿ ಎಂದು ನಿರ್ಧಾರವಾಯಿತು. ಐವರಿಗೂ ಕಾರ್ಡ್ ಕೊಂಡಿದ್ದರೆ 32,500 ಆಗುತ್ತಿತ್ತು.

ಕೊಳ್ಳುವಾಗ ನಾನು ಪಾಲಿಸಿದ್ದು ಒಂದೇ ಶಿಸ್ತು. ದಸರಾ ಅಧಿಕೃತ ಜಾಲತಾಣದಲ್ಲಿ ಮಾರಾಟ ಆರಂಭವಾಗುವ ಮೊದಲೇ ಯಾರಿಗೆ ಯಾವ ಟಿಕೆಟ್ ಎಂಬುದು ಬರೆದಿಟ್ಟಾಗಿತ್ತು. ಪುಟ ತೆರೆದ ಮೇಲೆ ಮನೆಯವರೊಂದಿಗೆ ಚರ್ಚಿಸಲು ಕುಳಿತರೆ ಟಿಕೆಟ್ ಉಳಿಯುವುದಿಲ್ಲ. ಪಾಸ್ ಕೊಡಿಸುತ್ತೇನೆಂದವರು ಹಲವರಿದ್ದರು. ಅವರ ಮೇಲೆ ಅನುಮಾನವಿಲ್ಲ, ಆದರೆ ಕೈಗೆ ಬಾರದ ಪಾಸನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ವಿಜಯದಶಮಿಯ ಹಿಂದಿನ ರಾತ್ರಿಯವರೆಗೂ ‘ನಾಳೆ ಬೆಳಿಗ್ಗೆ ಖಂಡಿತ’ ಎನ್ನುವ ಮಾತನ್ನು ನಂಬಿ, ವಯಸ್ಸಾದವರನ್ನು ಹೊರಡಿಸಿಕೊಂಡು ಹೋಗಿ ಗೇಟಿನಲ್ಲಿ ನಿಲ್ಲುವುದು ನನಗೆ ಸಾಧ್ಯವಿಲ್ಲ. ದುಪ್ಪಟ್ಟು ದರಕ್ಕೆ ಪಾಸ್ ಮಾರಲು ಬಂದವರೂ ಇದ್ದರು. ಉಚಿತವಾಗಿ ಹಂಚುವ ಪಾಸನ್ನು ಹಣಕ್ಕೆ ಕೊಂಡರೆ ತಪಾಸಣೆಯಲ್ಲಿ ತಡೆದಾಗ ಕೇಳುವವರು ಯಾರೂ ಇರುವುದಿಲ್ಲ.

ಟಿಕೆಟ್ ಇದ್ದರೂ ಕುರ್ಚಿ ನಮ್ಮದೆಂದು ಅರ್ಥವಲ್ಲ. ಟಿಕೆಟಿನ ಮೇಲೆ ಇರುವುದು ಯಾವ ದ್ವಾರ, ಯಾವ ಆವರಣ ಎಂಬ ಗುರುತು. ನಮ್ಮ ಆವರಣದೊಳಗೆ ಮೊದಲು ಬಂದವರು ಇಷ್ಟಬಂದಲ್ಲಿ ಕುಳಿತರು. ಜಯಮಾರ್ತಾಂಡ ದ್ವಾರ, ವರಾಹ ದ್ವಾರ, ಕರಿಕಲ್ಲು ತೊಟ್ಟಿ ದ್ವಾರ ಇವುಗಳ ನಡುವೆ ಸುತ್ತಿ ಬರುವುದು ನೋವಿನ ಕಾಲಿಗೆ ಸಣ್ಣ ದೂರವಲ್ಲ, ಅದೂ ವಾಹನ ಸಂಚಾರ ನಿಲ್ಲಿಸಿದ ರಸ್ತೆಗಳಲ್ಲಿ. ಹಾಗಾಗಿ ಟಿಕೆಟಿನಲ್ಲಿದ್ದ ದ್ವಾರಕ್ಕೆ ಹಿಂದಿನ ದಿನವೇ ಒಮ್ಮೆ ಹೋಗಿ, ಆಟೋ ಎಲ್ಲಿಯವರೆಗೆ ಬಿಡುತ್ತಾರೆಂದು ಅಲ್ಲಿನ ಪೊಲೀಸರನ್ನು ವಿಚಾರಿಸಿ ಬಂದೆ. ಹಬ್ಬದ ದಿನ ಅಮ್ಮ, ಅತ್ತಿಗೆ ಬೆಳಿಗ್ಗೆಯೇ ಬೇಗ ಊಟ ಮುಗಿಸಿ ಹನ್ನೊಂದರ ಹೊತ್ತಿಗೆ ಒಳಗಿದ್ದರು, ಬಯಸಿದ ಸಾಲಿನ ತುದಿಯ ಕುರ್ಚಿಯೇ ಸಿಕ್ಕಿತು. ಜೊತೆಯಲ್ಲಿದ್ದುದು ಔಷಧಿ, ಟೋಪಿ, ತೆಳುವಾದ ಮಳೆಯಂಗಿ. ಅಕ್ಟೋಬರಿನ ಮಳೆಯನ್ನು ನಂಬುವಂತಿಲ್ಲ, ಛತ್ರಿ ಬಿಚ್ಚಿದರೆ ಹಿಂದಿನವರು ಸುಮ್ಮನಿರುವುದಿಲ್ಲ.

ನಾವು ಮೂವರು ಅಂಗಡಿಯ ಮಹಡಿಯಲ್ಲಿದ್ದೆವು. ಅತ್ತಿಗೆಯ ಮಗಳು ಸ್ವಲ್ಪ ಹೊತ್ತು ಕೆಳಗಿಳಿದು ಬ್ಯಾರಿಕೇಡಿನ ಸಂದಿಯಿಂದ ಕಲಾತಂಡಗಳ ಚಿತ್ರ ತೆಗೆದಳು, ಅಂಬಾರಿ ಬರುವ ಹೊತ್ತಿಗೆ ಮೇಲೆ ಬಂದಳು. 2020ರಿಂದ ಅಂಬಾರಿ ಹೊರುತ್ತಿರುವ ಅಭಿಮನ್ಯು ಎರಡೂ ಬದಿಯಲ್ಲಿ ಜೊತೆಗೆ ಸಾಗುವ ಕುಮ್ಕಿ ಆನೆಗಳೊಂದಿಗೆ ಎದುರಿಗೆ ಬಂದಾಗ ತಾಲೀಮಿನ ದಿನ ಅಳೆದುಕೊಂಡ ಎತ್ತರ ಒಂದಿಷ್ಟೂ ತಪ್ಪಿರಲಿಲ್ಲ. ಅಂಬಾರಿ ದಾಟಿದ ಮೇಲೆ ಮೆರವಣಿಗೆಯ ಬೆನ್ನು ಹಿಡಿದು ನಡೆಯುವವರ ಪ್ರವಾಹಕ್ಕೆ ಇಳಿಯದೆ, ಪಶ್ಚಿಮದ ಒಳರಸ್ತೆಗಳಿಂದ ರೈಲು ನಿಲ್ದಾಣದ ಕಡೆಗೆ ಹೋಗಿ ಅಲ್ಲಿಂದ ಸುತ್ತುಹಾಕಿ ಬನ್ನಿಮಂಟಪ ತಲುಪಿದೆವು. ಅರಮನೆಯಿಂದ ಕವಾಯತಿಗೆ ಹೋಗಬೇಕಾದವರಿಗೆ ಈ ದಾರಿ ಒದಗುವುದಿಲ್ಲ, ಮೆರವಣಿಗೆಯನ್ನು ಅಡ್ಡ ದಾಟಲು ಬಿಡುವುದಿಲ್ಲ. ಅವರು ಪೂರ್ವದ ಬದಿಯಲ್ಲೇ ಉಳಿದು ಅಶೋಕ ರಸ್ತೆ ಹಿಡಿದು ಸೇಂಟ್ ಫಿಲೋಮಿನಾ ಚರ್ಚಿನ ಕಡೆಯಿಂದ ಹೋಗುವುದು ಮೇಲು. ಅಮ್ಮ, ಅತ್ತಿಗೆಗೆ ಆ ತೊಂದರೆಯಿರಲಿಲ್ಲ. ಜನ ಕರಗುವವರೆಗೆ ಅಲ್ಲೇ ಕುಳಿತು, ಅರಮನೆಯ ದೀಪಗಳು ಹತ್ತಿದ್ದನ್ನೂ ನೋಡಿ ನಿಧಾನವಾಗಿ ಹೊರಟರು.

ಬರುವ ವರ್ಷ ಕವಾಯತನ್ನೂ ನೋಡಬೇಕೆಂದು ಅಮ್ಮ ಹೇಳಿದ್ದಾರೆ. ಮೇಲಿನ ಮೆಟ್ಟಿಲು ಅವರಿಗೆ ಆಗದು, ಕೆಳಗೆ ಕುಳಿತರೆ ಆಕೃತಿ ಕಾಣದು. ಮೈದಾನದ ಯಾವ ಬದಿಯಲ್ಲಿ ಕಡಿಮೆ ಮೆಟ್ಟಿಲು ಹತ್ತಿ ನಡುವಿನ ಎತ್ತರಕ್ಕೆ ತಲುಪಬಹುದೆಂಬುದನ್ನು ಪೂರ್ವಾಭ್ಯಾಸದ ದಿನ ಹೋಗಿ ನೋಡಿಕೊಂಡು ಬರಬೇಕಾಗಿದೆ.