ದೂರದೂರ ಕೂತ ತಂಡಕ್ಕೆ ಆನ್‌ಲೈನ್ ಬೋರ್ಡ್: ದುಡ್ಡು ಕಟ್ಟುವ ಮುನ್ನ ಪರೀಕ್ಷಿಸುವುದು ಹೇಗೆ?

ಏಳು ಜನರ ನಮ್ಮ ತಂಡದಲ್ಲಿ ಮೂವರು ಮೈಸೂರಿನ ಕುವೆಂಪುನಗರದ ಬಾಡಿಗೆ ಕೋಣೆಯಲ್ಲಿ ಕೂರುತ್ತೇವೆ. ಇಬ್ಬರು ಬೆಂಗಳೂರಿನಲ್ಲಿ, ಒಬ್ಬರು ಮಂಡ್ಯದಲ್ಲಿ, ಇನ್ನೊಬ್ಬರು ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ. ಆಲೆಮನೆಗಳ ಲೆಕ್ಕ ಇಡುವ ಮೊಬೈಲ್ ಆ್ಯಪ್ ನಮ್ಮ ಕೆಲಸ. ಕಬ್ಬು ಇಳಿದಲ್ಲಿಂದ ಬೆಲ್ಲ ಮಂಡಿ ಸೇರುವವರೆಗಿನ ಹಂತಗಳನ್ನು ಎಲ್ಲರೂ ಸೇರಿ ಬಿಡಿಸಲು ಆನ್‌ಲೈನ್ ವೈಟ್‌ಬೋರ್ಡ್ ಬೇಕಾಯಿತು. ನಾನು ನನ್ನ ಲ್ಯಾಪ್‌ಟಾಪಿನಲ್ಲಿ, ಫೈಬರ್ ಸಂಪರ್ಕದಲ್ಲಿ ಒಂದು ಸಂಜೆ ಆಡಿ ನೋಡಿ, ಚೆನ್ನಾಗಿದೆ ಅನ್ನಿಸಿ, ವರ್ಷದ ಹಣ ಕಟ್ಟಿಬಿಟ್ಟೆ. ಮೊದಲ ಸಭೆಯಲ್ಲೇ ಪಾಂಡವಪುರದವರು ಕೇಳಿದರು: "ಮೇಡಂ, ನಂಗೆ ಬರೀ ಬಿಳೀ ಹಾಳೆ ಕಾಣ್ತಾ ಐತೆ, ನೀವೆಲ್ಲ ಎಲ್ಲಿದ್ದೀರಾ?" ಅವರು ಬೋರ್ಡಿನ ಯಾವುದೋ ಖಾಲಿ ಮೂಲೆಯಲ್ಲಿ ನಿಂತಿದ್ದರು. ದಾರಿ ತೋರಿಸುವುದರಲ್ಲೇ ಸಭೆ ಮುಗಿಯಿತು.

ಮುಂದಿನ ವರ್ಷ ಆರಿಸುವಾಗ ಕ್ರಮ ಬದಲಿಸಿದೆವು.

ಮೊದಲು ಕೆಲಸದ ಪಟ್ಟಿ, ಆಮೇಲೆ ತಂತ್ರಾಂಶ

ಮಿರೋ, ಮ್ಯೂರಲ್, ಫಿಗ್‌ಜಾಮ್, ಎಕ್ಸ್‌ಕ್ಯಾಲಿಡ್ರಾ, ಮೈಕ್ರೋಸಾಫ್ಟ್ ವೈಟ್‌ಬೋರ್ಡ್ ಇವನ್ನೆಲ್ಲ ಸಾಲಾಗಿಟ್ಟು ಯಾವುದರಲ್ಲಿ ಏನೇನಿದೆ ಎಂದು ಕೋಷ್ಟಕ ಮಾಡುವುದು ಹೆಚ್ಚಿನವರ ಅಭ್ಯಾಸ. ಆದರೆ ಚೀಟಿ, ಬಾಣ, ಪೆನ್ನು ಎಲ್ಲದರಲ್ಲೂ ಇರುತ್ತವೆ, ಆ ಕೋಷ್ಟಕದಿಂದ ಆಯ್ಕೆ ಸುಲಭವಾಗದು. ಬಳಕೆಯ ಸುಲಭತೆ ಎಂದರೇನು ಎಂಬುದಕ್ಕೆ ಐಎಸ್‌ಒ 9241-11 ಎಂಬ ಮಾನದಂಡ ಕೊಡುವ ವಿವರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಇಂಥ ಜನ, ಇಂಥ ಸನ್ನಿವೇಶದಲ್ಲಿ, ಇಂಥ ಕೆಲಸವನ್ನು ಎಷ್ಟರ ಮಟ್ಟಿಗೆ ಮುಗಿಸಿದರು, ಎಷ್ಟು ಶ್ರಮಪಟ್ಟರು, ಎಷ್ಟು ತೃಪ್ತರಾದರು. ಜನರನ್ನೂ ಸನ್ನಿವೇಶವನ್ನೂ ಬಿಟ್ಟು ತಂತ್ರಾಂಶಕ್ಕೆ ಮಾತ್ರ ಅಂಕ ಕೊಡಲು ಬರುವುದಿಲ್ಲ.

ಹಾಗಾಗಿ ನಿಮ್ಮ ಕಳೆದ ತಿಂಗಳ ಕೆಲಸದಿಂದಲೇ ಐದು ಕೆಲಸ ಆರಿಸಿ. ನಮ್ಮವು ಹೀಗಿದ್ದವು: ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿ ಬೋರ್ಡಿಗೆ ಬರುವುದು, ಗಾಣ, ಕೊಪ್ಪರಿಗೆ, ಅಚ್ಚು ಎಂಬ ಮೂರು ಚೀಟಿ ಬರೆದು ಬಾಣದಿಂದ ಜೋಡಿಸುವುದು, ಮೊಬೈಲಿನಲ್ಲಿ ತೆಗೆದ ರಸೀದಿಯ ಫೋಟೊ ಹಾಕುವುದು, ಇನ್ನೊಬ್ಬರ ಚೀಟಿಗೆ ಪ್ರಶ್ನೆ ಬರೆಯುವುದು, ಹೋದ ವಾರದ ಚಿತ್ರ ಹುಡುಕುವುದು. ತಂತ್ರಾಂಶದವರೇ ಕೊಡುವ ಸಿದ್ಧ ಮಾದರಿಯಲ್ಲಿ ಪರೀಕ್ಷೆ ಮಾಡಬೇಡಿ. ಅದರಲ್ಲಿ ಎಲ್ಲವೂ ಸಲೀಸಾಗಿಯೇ ಕಾಣುತ್ತದೆ.

ಒಬ್ಬೊಬ್ಬರಾಗಿ, ಬಾಯಿ ಮುಚ್ಚಿಕೊಂಡು

ಎಷ್ಟು ಜನ ಸಾಕು? ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಬರೆದ ಲೇಖನದ ಲೆಕ್ಕದಲ್ಲಿ ಐವರನ್ನು ಕೂರಿಸಿದರೆ ತೊಡಕುಗಳಲ್ಲಿ ಸುಮಾರು 85% ಕಣ್ಣಿಗೆ ಬೀಳುತ್ತವೆ. ತಂಡದಲ್ಲಿ ಯಾರ ನೆಟ್ ದುರ್ಬಲವೋ, ಯಾರದು ಹಳೆಯ ಫೋನೋ ಅವರು ಆ ಐವರಲ್ಲಿ ಇರಲೇಬೇಕು. ಸ್ಕ್ರೀನ್ ಶೇರ್ ಮಾಡಿಸಿ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡಲು ಹೇಳಿ. ನಿಮ್ಮ ಪಾಡಿಗೆ ನೀವು ಸಮಯ ಬರೆದುಕೊಳ್ಳುತ್ತಾ ಸುಮ್ಮನಿರಿ. ಇದು ಕೇಳಿದಷ್ಟು ಸುಲಭವಲ್ಲ. "ಮೇಲೆ ಎಡಗಡೆ ನೋಡಿ" ಎಂದು ನಾನು ಎರಡು ಸಲ ಬಾಯಿ ಹಾಕಿ ಎರಡು ಪರೀಕ್ಷೆ ಕೆಡಿಸಿದೆ.

ಆಮೇಲೆ ಎಲ್ಲರೂ ಒಟ್ಟಿಗೆ

ಒಬ್ಬರಿಗೆ ಹಿಡಿಸಿದ್ದು ಗುಂಪಿಗೆ ಹಿಡಿಸುತ್ತದೆ ಎಂದೇನಿಲ್ಲ, ಬೋರ್ಡಿನ ನಿಜವಾದ ತೊಂದರೆಗಳು ಹುಟ್ಟುವುದೇ ಇಬ್ಬರು ಒಂದೇ ಕಡೆ ಕೈ ಇಟ್ಟಾಗ. ಸಭೆಯಲ್ಲಿ ಎದುರು ಕೂತವರು "ಇದು ಇಲ್ಲಿಗೆ ಬರ್ಲಿ" ಎಂದು ಬೆರಳು ತೋರಿಸುತ್ತಾರೆ. ಬೋರ್ಡಿನಲ್ಲಿ ಆ ಬೆರಳಿನ ಕೆಲಸ ಕರ್ಸರಿನದು. ಅದರ ಜೊತೆ ಹೆಸರು ಕಾಣುತ್ತದೆಯೇ? ಫೋನಿನಲ್ಲಿ ನೋಡುವವರಿಗೂ ಕಾಣುತ್ತದೆಯೇ? ದಾರಿ ತಪ್ಪಿದವರನ್ನು ನೀವಿದ್ದ ಜಾಗಕ್ಕೆ ಒಂದೇ ಒತ್ತಿನಲ್ಲಿ ಕರೆತರಬಹುದೇ?

ನಮಗೆ ಅತಿ ಹೆಚ್ಚು ಕಲಿಸಿದ್ದು, ಮಾಡಿದ್ದನ್ನು ರದ್ದು ಮಾಡುವ ಅನ್‌ಡೂ ಪರೀಕ್ಷೆ. ಒಬ್ಬರು ಚೀಟಿ ಬರೆಯಲಿ, ಇನ್ನೊಬ್ಬರು ಅದೇ ಹೊತ್ತಿಗೆ ಪಕ್ಕದ್ದನ್ನು ಸರಿಸಲಿ, ಈಗ ಮೊದಲಿನವರು ಅನ್‌ಡೂ ಒತ್ತಲಿ. ಹಿಂದಕ್ಕೆ ಹೋಗಬೇಕಾದ್ದು ಅವರದೇ ಬರಹ, ಪಕ್ಕದವರ ಕೆಲಸವಲ್ಲ. ನಾವು ನೋಡಿದ ಒಂದು ತಂತ್ರಾಂಶದಲ್ಲಿ ಇದು ಎಡವಟ್ಟಾಗಿ, "ನಾನ್ ಬರ್ದಿದ್ದು ಎಲ್ ಹೋಯ್ತು?" ಎಂದು ಮಂಡ್ಯದವರು ಹತ್ತು ನಿಮಿಷ ಹುಡುಕಿದರು. ಒಂದೇ ಚೀಟಿಯನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಯಾರದು ಉಳಿಯುತ್ತದೆ ಎಂಬುದನ್ನೂ ನೋಡಿ.

ಮುಂದಿನದು ನೆಟ್ ಕಡಿಯುವ ಪರೀಕ್ಷೆ. ಎರಡು ನಿಮಿಷ ಡೇಟಾ ಆಫ್ ಮಾಡಿ, ಮೂರು ಚೀಟಿ ಬರೆದು, ಮತ್ತೆ ಆನ್ ಮಾಡಿ. ಚೀಟಿ ಉಳಿದವೇ? ಹೋಗುವುದಿದ್ದರೆ ಮೊದಲೇ ಎಚ್ಚರಿಸಿತೇ? ಹಳ್ಳಿಗೆ ಹೋಗಲು ಆಗದಿದ್ದರೆ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ ವೇಗ ತಗ್ಗಿಸಿ ನೋಡಬಹುದು. ಮೈಸೂರು–ಬೆಂಗಳೂರು ರೈಲಿನಲ್ಲಿ ಕೂತು ಮಾಡಿದರೆ ಇನ್ನೂ ನಿಜದ ಪರೀಕ್ಷೆ.

ಕನ್ನಡ ಬರೆದು ನೋಡಿ

'ಶ್ರೀರಂಗಪಟ್ಟಣ', 'ತೀರ್ಥಹಳ್ಳಿ', 'ಸ್ತ್ರೀಶಕ್ತಿ' ಈ ಮೂರು ಸಾಕು. ಒತ್ತಕ್ಷರ ಚೀಟಿಯ ಅಂಚಿನಲ್ಲಿ ಕತ್ತರಿಸಿದಂತೆ ಕಾಣುತ್ತದೆಯೇ, ಹುಡುಕಿದರೆ ಸಿಗುತ್ತದೆಯೇ, ಪಿಡಿಎಫ್ ಮಾಡಿದಾಗ ಅಕ್ಷರ ಒಡೆಯುತ್ತದೆಯೇ ನೋಡಿ. ಪರದೆಯ ಮೇಲೆ ಸರಿ ಇದ್ದದ್ದು ಪಿಡಿಎಫ್‌ನಲ್ಲಿ ಚೆಲ್ಲಾಪಿಲ್ಲಿಯಾಗುವುದುಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇರುವ ಕಡತದಿಂದ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು ಬರುತ್ತದೆ. ಅದು ಬೋರ್ಡಿನ ತಪ್ಪಲ್ಲ, ಯುನಿಕೋಡ್‌ಗೆ ಬದಲಿಸಿ ಅಂಟಿಸಿ. ಹಾಗೆಯೇ ಬಣ್ಣವೊಂದರಿಂದಲೇ ಅರ್ಥವಾಗುವ ಹಾಗೆ ಚೀಟಿ ಜೋಡಿಸಬೇಡಿ. ಕೆಂಪು–ಹಸಿರು ಬೇರೆ ಮಾಡಿ ಕಾಣದವರು ನಿಮ್ಮ ತಂಡದಲ್ಲೂ ಇರಬಹುದು.

ಅಂಕ ಹಾಕುವುದು

ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಎಸ್‌ಯುಎಸ್ (ಸಿಸ್ಟಮ್ ಯೂಸಬಿಲಿಟಿ ಸ್ಕೇಲ್) ಎಂಬ, ಬಳಕೆಯ ಸುಲಭತೆ ಅಳೆಯುವ ಹತ್ತು ವಾಕ್ಯಗಳ ಪಟ್ಟಿ ಇದೆ. ಕನ್ನಡಕ್ಕೆ ಮಾಡಿಕೊಂಡು ಪರೀಕ್ಷೆಗೆ ಕೂತವರಿಗೆ ಕೊಡಿ. ಪ್ರತಿ ವಾಕ್ಯಕ್ಕೂ 1ರಿಂದ 5ರೊಳಗೆ ಉತ್ತರ. ಬೆಸ ಸಂಖ್ಯೆಯ ವಾಕ್ಯಗಳು ಹೊಗಳಿಕೆ, ಅವುಗಳ ಉತ್ತರದಿಂದ 1 ಕಳೆಯಿರಿ. ಸಮ ಸಂಖ್ಯೆಯವು ದೂರು, ಅವುಗಳ ಉತ್ತರವನ್ನು 5ರಿಂದ ಕಳೆಯಿರಿ. ಹತ್ತನ್ನೂ ಕೂಡಿ 2.5ರಿಂದ ಗುಣಿಸಿ. ಮೊತ್ತ 27 ಬಂದರೆ ಅಂಕ 67.5. ಸಾಮಾನ್ಯವಾಗಿ 68ನ್ನು ಸರಾಸರಿ ಎನ್ನುತ್ತಾರೆ. ಇದು ಶೇಕಡಾವಾರು ಅಲ್ಲ. ಐವರ ಅಂಕದಲ್ಲಿ ಎರಡು–ಮೂರರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾನಂತೂ ಸರಾಸರಿ ನೋಡುವ ಮೊದಲು, ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟವರ ಹಾಳೆಯನ್ನು ಓದುತ್ತೇನೆ.

ಹೊರಗೆ ಬರುವ ಬಾಗಿಲು

ಗೂಗಲ್‌ನ ಜ್ಯಾಮ್‌ಬೋರ್ಡ್ ಎಂಬ ಇಂಥದೇ ಬೋರ್ಡ್ 2024ರ ಡಿಸೆಂಬರ್ 31ಕ್ಕೆ ನಿಂತುಹೋಯಿತು. ನೀವು ಆರಿಸಿದ್ದೂ ನಿಲ್ಲಬಹುದು, ಬೆಲೆ ಏರಬಹುದು. ಅದಕ್ಕೇ ಪರೀಕ್ಷೆಯ ದಿನವೇ ಒಂದು ತುಂಬಿದ ಬೋರ್ಡನ್ನು ಹೊರತೆಗೆದು ನೋಡಿ. ಬರೀ ಚಿತ್ರವಾಗಿ ಬಂತೋ, ಚೀಟಿಗಳ ಪಠ್ಯ ತಿದ್ದಲು ಬರುವಂತೆ ಸಿಕ್ಕಿತೋ? ಮಿರೋದ ಉಚಿತ ಖಾತೆಯಲ್ಲಿ ತಿದ್ದಲಾಗುವ ಬೋರ್ಡುಗಳು ಮೂರೇ, ಎಕ್ಸ್‌ಕ್ಯಾಲಿಡ್ರಾಗೆ ಲಾಗಿನ್ನೇ ಬೇಡ. ಇಂಥ ಮಿತಿಗಳನ್ನೂ ಅನುಕೂಲಗಳನ್ನೂ ಐದು ಕೆಲಸಗಳ ಪಟ್ಟಿಯ ಪಕ್ಕದಲ್ಲೇ ಬರೆದಿಡಿ. ನಾವು ಕೊನೆಗೆ ಒಪ್ಪಿದ್ದು ನನ್ನ ಮೆಚ್ಚಿನದನ್ನಲ್ಲ. ಪಾಂಡವಪುರದ ಫೋನಿನಲ್ಲಿ ಐದೂ ಕೆಲಸ ಮುಗಿದದ್ದು ನಾವು ಒಪ್ಪಿದ ಆ ಒಂದರಲ್ಲೇ.