ಒಂಬತ್ತನೇ ತರಗತಿಯ ಬ್ಲಾಗು: ನನ್ನ ಅನುಭವ

ತಿಪಟೂರು ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಭಾಷಾ ಶಿಕ್ಷಕ. ನಾನು ಸೇರುವ ಮೊದಲಿನಿಂದಲೂ ಅಲ್ಲಿ ಮಕ್ಕಳ ಬರಹಕ್ಕೆಂದು ಒಂದು ಭಿತ್ತಿಪತ್ರಿಕೆ ಇತ್ತು. ಮುಖ್ಯೋಪಾಧ್ಯಾಯರ ಕೊಠಡಿಯ ಪಕ್ಕದ ಗೋಡೆಯ ಹಲಗೆಯ ಮೇಲೆ ತಿಂಗಳಿಗೊಮ್ಮೆ ಕವಿತೆ, ಒಗಟು, ಚುಟುಕಗಳನ್ನು ಬರೆದ ಡ್ರಾಯಿಂಗ್ ಹಾಳೆಗಳನ್ನು ಅಂಟಿಸುತ್ತಿದ್ದೆವು. ಅಕ್ಷರ ದುಂಡಗಿದ್ದ ಇಬ್ಬರು ಮೂವರು ಹುಡುಗಿಯರೇ ಎಲ್ಲರ ಬರಹವನ್ನೂ ನಕಲು ಮಾಡಿಕೊಡುತ್ತಿದ್ದರು. ಮೊದಲ ವಾರ ಅದರ ಮುಂದೆ ಗುಂಪು ಸೇರುತ್ತಿತ್ತು, ಆಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ಇನ್ನು ಪ್ರಬಂಧದ ನೋಟ್‌ಬುಕ್ಕಿಗೆ ಇದ್ದ ಓದುಗ ನಾನೊಬ್ಬನೇ, ಅದೂ ಕೈಯಲ್ಲಿ ಕೆಂಪು ಪೆನ್ನು ಹಿಡಿದವನು. ಮಗು ಬರೆದದ್ದನ್ನು ತಿದ್ದುವ ಉದ್ದೇಶವಿಲ್ಲದೆ, ತಿಳಿಯಬೇಕೆಂಬ ಕುತೂಹಲದಿಂದಲೇ ಓದುವ ಒಬ್ಬ ಓದುಗನನ್ನಾದರೂ ಒದಗಿಸಬೇಕೆಂಬ ಹಂಬಲದಿಂದ ನಾನು ಬ್ಲಾಗಿನ ಕಡೆಗೆ ಬಂದೆ.

ಮಕ್ಕಳ ಕೈಗೆ ಕೊಡುವ ಮೊದಲು ನಾನೇ ಬರೆದು ನೋಡಬೇಕೆಂದು 2012ರ ಬೇಸಿಗೆ ರಜೆಯಲ್ಲಿ ನನ್ನದೇ ಒಂದು ಬ್ಲಾಗು ತೆರೆದೆ. ಬ್ಲಾಗು ತೆರೆಯಲು ಸಿಗುವ ಸೇವೆಗಳಾದ ಬ್ಲಾಗರ್ ಮತ್ತು ವರ್ಡ್‌ಪ್ರೆಸ್ ಎರಡನ್ನೂ ನೋಡಿ, ಹಣ ಕೊಡಬೇಕಿಲ್ಲ, ನಿರ್ವಹಣೆಯ ಗೋಜು ಕಡಿಮೆ ಎಂಬ ಎರಡೇ ಕಾರಣಕ್ಕೆ ಬ್ಲಾಗರ್ ಆರಿಸಿಕೊಂಡೆ. ಖಾತೆ ತೆರೆದು ಹೆಸರಿಟ್ಟು ವಿನ್ಯಾಸ ಆರಿಸುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಕಷ್ಟ ಎದುರಾದದ್ದು ಕನ್ನಡ ಅಕ್ಷರಗಳಲ್ಲಿ. ನನ್ನ ಬಳಿ ಇದ್ದ ಬರಹಗಳೆಲ್ಲ ಕನ್ನಡ ಟೈಪ್ ಮಾಡಲು ಬಳಸುವ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಒಂದು ಲೇಖನವನ್ನು ಹಾಗೆಯೇ ನಕಲಿಸಿ ಅಂಟಿಸಿದಾಗ ತೆರೆಯ ಮೇಲೆ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಇಂಗ್ಲಿಷ್ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಕಲಸಿಹೋದ ಸಾಲುಗಳು ಬಂದವು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ, ಫಾಂಟು ಇಲ್ಲದ ಕಡೆ ಆ ವೇಷ ಕಳಚುತ್ತದೆ ಎಂಬುದು ನನಗೆ ಆಗ ತಿಳಿಯಿತು. ಎಲ್ಲ ಭಾಷೆಗಳ ಲಿಪಿಗಳಿಗೂ ಸಾಮಾನ್ಯವಾದ ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆಯಲ್ಲಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತವಿದೆ. ಪರಿವರ್ತಕದಿಂದ ಹಳೆಯ ಬರಹಗಳನ್ನು ಯೂನಿಕೋಡಿಗೆ ತಂದ ಮೇಲೂ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ ಸರಿಪಡಿಸಬೇಕಾಯಿತು. ಇಂದಿಗೂ ಹೊಸದಾಗಿ ಆರಂಭಿಸುವ ಶಿಕ್ಷಕ ಮಿತ್ರರಿಗೆ ನಾನು ಮೊದಲು ಹೇಳುವುದು ಇದನ್ನೇ: ವಿನ್ಯಾಸ ಹೇಗೂ ಇರಲಿ, ಮೊದಲ ದಿನದಿಂದ ಯೂನಿಕೋಡಿನಲ್ಲೇ ಟೈಪ್ ಮಾಡಿ.

ಇನ್ನೊಂದು ಸಣ್ಣ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟರೆ ಬ್ಲಾಗರ್ ಆ ಬರಹದ ವಿಳಾಸವನ್ನು ಕನ್ನಡದಿಂದ ರೂಪಿಸುವುದಿಲ್ಲ; ಎಲ್ಲ ಬರಹಗಳಿಗೂ ಹೆಚ್ಚು ಕಡಿಮೆ ಒಂದೇ ಬಗೆಯ, ಗುರುತಿಲ್ಲದ ವಿಳಾಸ ಬೀಳುತ್ತದೆ. ಪ್ರಕಟಿಸುವ ಮೊದಲೇ ಪರ್ಮಾಲಿಂಕ್ ಎಂಬಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಪದ ಬರೆದುಕೊಟ್ಟರೆ ಮುಂದೆ ಹುಡುಕುವುದು ಸುಲಭ.

2013ರ ಜೂನ್‌ನಲ್ಲಿ ಒಂಬತ್ತನೇ ತರಗತಿಯ ಮೂವತ್ತೆಂಟು ಮಕ್ಕಳೊಂದಿಗೆ ತರಗತಿಯ ಬ್ಲಾಗು ಶುರುವಾಯಿತು. ಹತ್ತನೇ ತರಗತಿಗೆ ಪರೀಕ್ಷೆಯ ಒತ್ತಡ ಜಾಸ್ತಿ, ಎಂಟನೆಯವರು ಶಾಲೆಗೆ ಹೊಸಬರು, ಹಾಗಾಗಿ ಒಂಬತ್ತನೆಯವರೇ ಸರಿಯೆನಿಸಿತು. ಲ್ಯಾಬಿನಲ್ಲಿ ಕಂಪ್ಯೂಟರುಗಳು ಹತ್ತಿದ್ದರೂ ನಡೆಯುತ್ತಿದ್ದದ್ದು ಆರು. ಇಂಟರ್‌ನೆಟ್ಟಿಗೆ ನನ್ನ ಡಾಂಗಲ್ ಒಂದೇ. ಮಧ್ಯಾಹ್ನವಾದರೆ ಕರೆಂಟ್ ಹೋಗುತ್ತಿತ್ತು. ಆದ್ದರಿಂದ ಬರೆಯುವ ಕೆಲಸವನ್ನೂ ಪ್ರಕಟಿಸುವ ಕೆಲಸವನ್ನೂ ಬೇರೆಬೇರೆ ಮಾಡಿದೆ. ಮಕ್ಕಳು ಮೊದಲು ಹಾಳೆಯ ಮೇಲೆ ಬರೆಯಬೇಕು, ಪಕ್ಕದವರಿಗೆ ಓದಲು ಕೊಡಬೇಕು, ತಿದ್ದಿದ ಪ್ರತಿಯನ್ನು ಗುರುವಾರ ಇಂಟರ್‌ನೆಟ್ ಇಲ್ಲದೆಯೇ ಟೈಪ್ ಮಾಡಬೇಕು. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ನಾನೂ ಆ ವಾರದ ಇಬ್ಬರು ಸಂಪಾದಕರೂ ಕುಳಿತು ನಾಲ್ಕೈದು ಬರಹಗಳನ್ನು ಏರಿಸುತ್ತೇವೆ. ಈ ಕ್ರಮ ಸ್ವಲ್ಪ ಬದಲಾವಣೆಯೊಂದಿಗೆ ಇಂದಿಗೂ ನಡೆದುಬಂದಿದೆ.

ಟೈಪಿಂಗ್ ಕಲಿಸುವುದಕ್ಕೆ ಹೊರಟ ನನಗೆ ಕಾಗುಣಿತ ಕಲಿಸುವ ಒಂದು ದಾರಿ ಅಲ್ಲಿಯೇ ಸಿಕ್ಕಿತು. ನುಡಿಯ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಕೀಲಿಯನ್ನು ಒತ್ತಬೇಕು. ‘ರಾಷ್ಟ್ರ’ ಎಂದು ಬರೆಯಬೇಕಾದ ಹುಡುಗ ರ, ದೀರ್ಘ, ಷ, ಎಫ್, ಟ, ಎಫ್, ರ ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಒಂದೊಂದೇ ಬೆರಳಿನಿಂದ ಒತ್ತುತ್ತಾನೆ. ಕೈಬರಹದಲ್ಲಿ ಒಂದು ಗೀರು ಎಳೆದು ಮರೆಸಬಹುದಾದ ತಪ್ಪನ್ನು ಇಲ್ಲಿ ಮರೆಸಲಾಗದು; ಷಕಾರಕ್ಕೆ ಯಾವ ಒತ್ತು, ಅದರ ಕೆಳಗೆ ಯಾವ ಒತ್ತು ಎಂಬುದು ಗೊತ್ತಿದ್ದರೆ ಮಾತ್ರ ಪದ ಮೂಡುತ್ತದೆ. ಸಂಯುಕ್ತಾಕ್ಷರದ ಪಾಠವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಮಾಡಿದ್ದೆನೋ! ಅಲ್ಲಿ ಹಿಡಿಯದಿದ್ದದ್ದು ಕೆಲವರಿಗೆ ಈ ಆರು ಕಂಪ್ಯೂಟರುಗಳ ಮುಂದೆ ಹಿಡಿಯಿತು. ಈಗ ಮೊಬೈಲಿನ ಕೀಲಿಮಣೆ ಪೂರ್ತಿ ಪದವನ್ನೇ ಸೂಚಿಸಿಬಿಡುವುದರಿಂದ ಈ ಲಾಭ ಕಡಿಮೆಯಾಗಿದೆ. ಆ ಕಾರಣಕ್ಕೆ ಮೊದಲ ಎರಡು ತಿಂಗಳು ನಾನು ಮೊಬೈಲಿನಲ್ಲಿ ಟೈಪ್ ಮಾಡಿದ ಬರಹವನ್ನು ಸ್ವೀಕರಿಸುವುದಿಲ್ಲ.

ಏನು ಬರೆಸಬೇಕು ಎಂಬ ಪ್ರಶ್ನೆಯಲ್ಲಿ ಮೊದಲ ತಿಂಗಳು ನಾನು ಎಡವಿದೆ. ಪರಿಸರ ಮಾಲಿನ್ಯ, ಗ್ರಂಥಾಲಯಗಳ ಮಹತ್ವ ಮುಂತಾದ ಎಂದಿನ ವಿಷಯಗಳನ್ನೇ ಕೊಟ್ಟೆ. ಬಂದ ಬರಹಗಳೆಲ್ಲ ಗೈಡುಗಳಿಂದ ಇಳಿಸಿದವು; ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಉಪಶೀರ್ಷಿಕೆಗಳೂ ಹಾಗೆಯೇ ಇದ್ದವು. ಅದರಲ್ಲಿ ಮಕ್ಕಳ ತಪ್ಪಿರಲಿಲ್ಲ, ಗೈಡಿನಲ್ಲಿ ಉತ್ತರ ಸಿಗುವ ಪ್ರಶ್ನೆಯನ್ನು ನಾನೇ ಕೇಳಿದ್ದೆ. ಅಲ್ಲಿಂದಾಚೆ ಯಾವ ಪುಸ್ತಕದಲ್ಲೂ ಉತ್ತರ ಇರಲಾರದಂಥ ವಿಷಯಗಳನ್ನು ಹುಡುಕತೊಡಗಿದೆ: ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು, ಎದ್ದು ಮೊದಲು ಏನು ಮಾಡುತ್ತಾರೆ, ನಿಮ್ಮೂರಿನ ಕೆರೆ ಕಳೆದ ಸಲ ಕೋಡಿ ಬಿದ್ದಾಗ ಯಾರು ಏನು ಮಾಡಿದರು, ಸಂತೆಯಲ್ಲಿ ಚೌಕಾಸಿ ಮಾಡುವುದನ್ನು ನಿಂತು ಕೇಳಿ, ಆಡಿದ ಮಾತುಗಳನ್ನು ಹಾಗೆಯೇ ಬರೆಯಿರಿ. ಕೇಳಿದ್ದನ್ನು ಕ್ಷಣದಲ್ಲಿ ಬರೆದುಕೊಡುವ ಯಂತ್ರಗಳು ಬಂದಿರುವ ಈ ದಿನಗಳಲ್ಲಿಯೂ ನನಗೆ ಕೈಹಿಡಿದಿರುವುದು ಇಂಥ ವಿಷಯಗಳೇ.

ಒಂದು ಉದಾಹರಣೆಯನ್ನು ವಿವರವಾಗಿ ಹೇಳಬೇಕು. ತೆಂಗಿನ ಬಗ್ಗೆ ಬರೆ ಎಂದಾಗ ಒಬ್ಬ ಹುಡುಗಿ ‘ತೆಂಗನ್ನು ಕಲ್ಪವೃಕ್ಷ ಎನ್ನುವರು, ಇದರ ಪ್ರತಿಯೊಂದು ಭಾಗವೂ ಉಪಯುಕ್ತ’ ಎಂದು ಆರಂಭಿಸಿ ಒಂದು ಪುಟ ಬರೆದಿದ್ದಳು. ಓದಿದ ಪಕ್ಕದವಳು, “ಇದು ಎಲ್ರಿಗೂ ಗೊತ್ತಲ್ಲ, ನಿಮ್ಮ ಅಜ್ಜಿ ಅಟ್ಟ ಹತ್ತಿ ಕಾಯಿ ಅಲ್ಲಾಡಿಸ್ತಾರಲ್ಲ, ಅದನ್ನ ಬರಿ” ಎಂದಳು. ಎರಡನೇ ಪ್ರತಿಯಲ್ಲಿ ಕಲ್ಪವೃಕ್ಷ ಹೋಗಿ ಅಜ್ಜಿ ಬಂದಿದ್ದರು: ಏಣಿಗೆ ಒರಗಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ನೀರಿನ ಸದ್ದು ಬಂದರೆ ಹಿಂದಕ್ಕೆ ಇಡುವುದು, ಒಳಗೆ ಗುಡುಗುಡು ಎಂದರೆ ಕೆಳಗೆ ನಿಂತ ಮೊಮ್ಮಗಳ ಕೈಗೆ ಕೊಡುವುದು. ಅದನ್ನು ಪ್ರಕಟಿಸಿದ ವಾರದಲ್ಲಿ ದಕ್ಷಿಣ ಕನ್ನಡದ ಓದುಗರೊಬ್ಬರು ಪ್ರತಿಕ್ರಿಯೆ ಬರೆದರು. ತಮ್ಮ ಕಡೆ ಕಾಯಿ ಒಡೆದು ಹೋಳುಗಳನ್ನು ಬಿಸಿಲಿಗೆ ಒಣಗಿಸಿ ಕೊಬ್ಬರಿ ಮಾಡುವುದು ವಾಡಿಕೆ, ಒಡೆಯದ ಕಾಯಿ ಅಟ್ಟದ ನೆರಳಿನಲ್ಲಿ ಕೊಳೆಯದೆ ಕೊಬ್ಬರಿಯಾಗುವುದು ಹೇಗೆ ಎಂಬುದು ಅವರ ಪ್ರಶ್ನೆ.

ಆ ಪ್ರಶ್ನೆಗೆ ಹುಡುಗಿಯಲ್ಲಿ ಉತ್ತರವಿರಲಿಲ್ಲ, ನಾನೂ ಹೇಳಿಕೊಡಲಿಲ್ಲ. ಎರಡು ದಿನ ಬಿಟ್ಟು ಅಜ್ಜಿಯನ್ನು ಕೇಳಿಕೊಂಡು ಬಂದಳು. ಚೆನ್ನಾಗಿ ಬಲಿತ ಕಾಯನ್ನೇ ಆರಿಸಬೇಕು, ಸಿಪ್ಪೆ ಸುಲಿಯಬಾರದು, ಹತ್ತು ಹನ್ನೊಂದು ತಿಂಗಳು ಅಟ್ಟದ ಬೆಚ್ಚಗಿನ ಗಾಳಿಯಲ್ಲಿ ಇರಬೇಕು. ಒಳಗಿನ ನೀರು ತಾನಾಗಿ ಆರಿದ ಮೇಲೆ ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ, ಅಲ್ಲಾಡಿಸಿದಾಗ ಕೇಳುವುದು ಆ ಉಂಡೆಯ ಸದ್ದು. ಇಷ್ಟನ್ನು ಅವಳು ಯಾರ ಒತ್ತಾಯವೂ ಇಲ್ಲದೆ ಮೂರು ಸಲ ತಿದ್ದಿ ಉತ್ತರವಾಗಿ ಬರೆದಳು. ‘ಬಿಟ್ಟು’ ಎಂದರೆ ಸಾಕೇ, ‘ಕಳಚಿಕೊಂಡು’ ಎನ್ನಬೇಕೇ ಎಂದು ನನ್ನನ್ನು ಕೇಳಿದಳು. ಹದಿನಾಲ್ಕು ವರ್ಷದ ಮಗು ಒಂದು ಕ್ರಿಯಾಪದಕ್ಕಾಗಿ ಹಾಗೆ ತಡೆದು ನಿಂತದ್ದನ್ನು ನನ್ನ ಕೆಂಪು ಪೆನ್ನಿನ ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ತನಗೆ ಗೊತ್ತಿರುವ ಸಂಗತಿ ಎದುರಿನವರಿಗೆ ನಿಜವಾಗಿ ಗೊತ್ತಿಲ್ಲ ಎಂದು ತಿಳಿದಾಗ ಬರೆಯುವವರಿಗೆ ಬರುವ ಜವಾಬ್ದಾರಿಯನ್ನು ಅಂಕಗಳಿಂದ ತರಿಸಲಾಗದು ಎಂದು ನನಗೆ ಆ ದಿನ ಮನದಟ್ಟಾಯಿತು. ಬ್ಲಾಗಿನ ಬರಹಕ್ಕೆ ನಾನು ಇದುವರೆಗೂ ಅಂಕ ಕೊಟ್ಟಿಲ್ಲ.

ಎಲ್ಲ ಪ್ರತಿಕ್ರಿಯೆಗಳೂ ಹೀಗಿರುತ್ತವೆ ಎಂದು ಯಾರೂ ಭಾವಿಸಬಾರದು. ಹೆಚ್ಚಿನವು ‘ಸೂಪರ್’, ‘ಚೆನ್ನಾಗಿದೆ ಪುಟ್ಟಾ’ ಎಂಬಷ್ಟೇ ಆಗಿರುತ್ತವೆ, ಕೆಲವು ಜಾಹೀರಾತುಗಳು, ಒಮ್ಮೊಮ್ಮೆ ಮಗುವಿನ ಕಣ್ಣಿಗೆ ಬೀಳಬಾರದಂಥವೂ ಬರುತ್ತವೆ. ಪ್ರತಿಕ್ರಿಯೆಗಳು ಮೊದಲು ನನಗೆ ಬಂದು, ನಾನು ಒಪ್ಪಿದ ಮೇಲೆ ಮಾತ್ರ ಕಾಣುವಂತೆ ಮೊದಲ ದಿನವೇ ವ್ಯವಸ್ಥೆ ಮಾಡಿಕೊಂಡದ್ದರಿಂದ ತೊಂದರೆಯಾಗಲಿಲ್ಲ. ಮಕ್ಕಳಿಗೂ ಪ್ರತಿಕ್ರಿಯೆ ಬರೆಯುವುದನ್ನು ಒಂದು ಪಾಠವಾಗಿಯೇ ಕಲಿಸುತ್ತೇನೆ: ಹೊಗಳಿಕೆ ಒಂದು ವಾಕ್ಯ ಮೀರಬಾರದು, ಜೊತೆಗೆ ನಿಜವಾಗಿ ತಿಳಿಯಬೇಕೆನಿಸಿದ ಒಂದು ಪ್ರಶ್ನೆ ಇರಲೇಬೇಕು. ‘ಅಕ್ಕಿ’ ‘ಹಕ್ಕಿ’ಗಳ ಅಕಾರ ಹಕಾರದ ಗೊಂದಲ ನಮ್ಮ ಸೀಮೆಯಲ್ಲಿ ಬಹಳ. ಅಂಥ ತಪ್ಪುಗಳನ್ನು ಎಲ್ಲರೆದುರು ತೋರಿಸುವಂತಿಲ್ಲ, ಪ್ರಕಟಣೆಗೆ ಮೊದಲೇ ಜೊತೆಗಾರರು ಗುಟ್ಟಾಗಿ ತಿದ್ದಿಕೊಡಬೇಕು.

ಒಂದು ದೊಡ್ಡ ತಪ್ಪು ನನ್ನಿಂದಲೇ ಆಯಿತು. ಎರಡನೇ ವರ್ಷ ಒಬ್ಬ ಹುಡುಗ ತನ್ನ ಮನೆಯ ಸಾಲದ ಬಗ್ಗೆ, ಸಾಲ ಕೊಟ್ಟವರು ಅಂಗಳದಲ್ಲಿ ನಿಂತು ಆಡಿದ ಮಾತುಗಳ ಬಗ್ಗೆ ಬರೆದಿದ್ದ. ಆ ವರ್ಷದ ಅತ್ಯುತ್ತಮ ಬರಹ ಅದು. ಅದರ ಸತ್ಯಕ್ಕೆ ಮನಸೋತ ನಾನು ಮುಂದಿನದನ್ನು ಯೋಚಿಸದೆ ಅವನ ಹೆಸರಿನೊಂದಿಗೇ ಪ್ರಕಟಿಸಿದೆ. ಮೂರನೇ ದಿನಕ್ಕೆ ಊರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಅದು ಹರಿದಾಡಿತ್ತು. ಅವನ ತಾಯಿ ಶಾಲೆಗೆ ಬಂದರು. ದನಿ ಎತ್ತಲಿಲ್ಲ. “ಚೆನ್ನಾಗಿ ಬರಿಯೋದು ಹೇಳ್ಕೊಟ್ಟಿದ್ದೀರಿ ಮೇಷ್ಟ್ರೇ, ಮನೆ ಮಾತು ಯಾವುದು ಅನ್ನೋದನ್ನೂ ಹೇಳ್ಕೊಡಿ” ಎಂದಷ್ಟೇ ಹೇಳಿದರು. ಅವರ ಎದುರಿನಲ್ಲಿಯೇ ಬರಹವನ್ನು ತೆಗೆದೆ, ಕ್ಷಮೆ ಕೇಳಿದೆ. ಹರಿದಾಡಿದ್ದನ್ನು ಹಿಂದಕ್ಕೆ ಕರೆಯುವುದು ನನ್ನ ಕೈಯಲ್ಲಿರಲಿಲ್ಲ, ಆ ನೋವು ಈಗಲೂ ಉಳಿದಿದೆ.

ಆ ಘಟನೆಯ ನಂತರ ಪ್ರತಿ ಬರಹವನ್ನೂ ಪ್ರಕಟಣೆಗೆ ಮೊದಲು ಮನೆಯಲ್ಲಿ ಗಟ್ಟಿಯಾಗಿ ಓದಿ ಕೇಳಿಸಿ, ಹಾಳೆಯ ಕೆಳಗೆ ಮನೆಯವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಬರುವುದು ಕಡ್ಡಾಯವಾಯಿತು. ಮುನ್ನೆಚ್ಚರಿಕೆಗೆಂದು ಮಾಡಿದ ಈ ನಿಯಮದಿಂದ ನಾನು ನಿರೀಕ್ಷಿಸದ ಒಂದು ಪ್ರಯೋಜನವೂ ಆಯಿತು. ಓದುಬರಹ ಬಾರದ ಹಿರಿಯರು ಮಕ್ಕಳ ಬರಹವನ್ನು ಕೇಳಿ, ಹಾಗಲ್ಲ ಹೀಗೆ ಎಂದು ತಿದ್ದತೊಡಗಿದರು. ರಾಗಿ ಒಕ್ಕಣೆಯ ಕುರಿತ ಒಂದು ಬರಹದಲ್ಲಿ ನನಗೇ ಗೊತ್ತಿರದ ನಾಲ್ಕು ಪದಗಳು ಸೇರಿದ್ದು ಹಾಗೆ. ವರ್ಷದ ಆರಂಭದಲ್ಲಿ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯುತ್ತೇನೆ. ಮಕ್ಕಳ ಪೂರ್ಣ ಹೆಸರು, ಮುಖದ ಚಿತ್ರ, ಊರಿನ ಹೆಸರು ಹಾಕುವುದಿಲ್ಲ. ಹೆಸರಿನ ಮೊದಲ ಅಕ್ಷರ ಮತ್ತು ತರಗತಿ ಇಷ್ಟೇ ಇರುತ್ತದೆ. ಮಕ್ಕಳಿಗೆ ಪ್ರತ್ಯೇಕ ಖಾತೆ ತೆರೆಸುವುದಿಲ್ಲ, ಖಾತೆ ನನ್ನೊಬ್ಬನದೇ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ಆ ತಾಯಿಯ ಮಾತು ನನಗೆ ಸಾಕಿತ್ತು.

ಬ್ಲಾಗು ಬಂದ ಮೇಲೆ ಭಿತ್ತಿಪತ್ರಿಕೆಯನ್ನು ನಿಲ್ಲಿಸಬಹುದೆಂದು ಸಹೋದ್ಯೋಗಿಗಳು ಸೂಚಿಸಿದ್ದರು. ನಿಲ್ಲಿಸಲಿಲ್ಲ. ಇಂಟರ್‌ನೆಟ್ ಇಲ್ಲದ ಮನೆಗಳು ಆಗ ಅರ್ಧಕ್ಕಿಂತ ಹೆಚ್ಚಿದ್ದವು. ಪ್ರಕಟವಾದ ಬರಹಗಳನ್ನೂ ಅವಕ್ಕೆ ಬಂದ ಒಳ್ಳೆಯ ಪ್ರತಿಕ್ರಿಯೆಗಳನ್ನೂ ಮುದ್ರಿಸಿ ಅದೇ ಹಲಗೆಗೆ ಅಂಟಿಸುತ್ತೇವೆ. ಕೆಳಗೆ ಒಂದು ಖಾಲಿ ಹಾಳೆ, ದಾರಕ್ಕೆ ಕಟ್ಟಿದ ಒಂದು ಪೆನ್ನು. ಎಂಟನೆಯವರು ಅಲ್ಲಿ ಬರೆದ ಪ್ರಶ್ನೆಗಳನ್ನು ಸಂಪಾದಕರು ಶನಿವಾರ ಬ್ಲಾಗಿಗೆ ಸೇರಿಸುತ್ತಾರೆ.

ಬರಹಗಳ ಪೂರ್ತಿ ಪ್ರತಿಯನ್ನು ವರ್ಷಕ್ಕೆರಡು ಸಲ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಕೆಲವು ವರ್ಷಗಳ ಹಿಂದೆ, ಆಗ ಪದವಿ ಓದುತ್ತಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, ಒಂಬತ್ತನೇ ತರಗತಿಯಲ್ಲಿ ಬರೆದದ್ದು ಈಗ ತನ್ನದೆನಿಸುತ್ತಿಲ್ಲ, ತೆಗೆಯಬಹುದೇ ಸಾರ್ ಎಂದು ಸಂಕೋಚದಿಂದ ಕೇಳಿದಳು. ತೆಗೆದೆ. ಅಂದಿನಿಂದ ಹತ್ತನೇ ತರಗತಿಯವರನ್ನು ಬೀಳ್ಕೊಡುವ ಮೊದಲು ಒಂದು ಅವಧಿಯನ್ನು ಇದಕ್ಕೇ ಮೀಸಲಿಟ್ಟು, ಪ್ರತಿಯೊಬ್ಬರಿಗೂ ಅವರವರ ಬರಹಗಳ ಮುದ್ರಿತ ಪ್ರತಿ ಕೊಟ್ಟು, ಯಾವುದು ಉಳಿಯಲಿ ಯಾವುದು ಹೋಗಲಿ ಎಂದು ಅಂಚಿನಲ್ಲಿ ಬರೆಯಲು ಹೇಳುತ್ತೇನೆ. ಕಳೆದ ಸಾಲಿನಲ್ಲಿ ಇಬ್ಬರು ಮಾತ್ರ ಹೋಗಲಿ ಎಂದು ಬರೆದರು. ಅವರಲ್ಲಿ ಒಬ್ಬ ಹುಡುಗ ಹಾಳೆಯನ್ನು ನನಗೆ ಹಿಂದಿರುಗಿಸದೆ ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡು ಹೋದ.